ನೀನು ಹೋದ ಕೋಣೆಯಲ್ಲೇ ನನ್ನ ಕೆಲಸ

ಪ್ರೀತಿಯ ಅತ್ತಿಗೆ,

ನೀನು ಮದುವೆಯಾಗಿ ಸೂರತ್‌ಗೆ ಬಂದ ಹೊಸತರಲ್ಲಿ ನಾನು ನಿನ್ನನ್ನು ‘ನೀವು’ ಎನ್ನುತ್ತಿದ್ದೆ. ಅಪ್ಪನ ರೈಲ್ವೆ ನೌಕರಿಯಿಂದಾಗಿ ವಡೋದರಾದಲ್ಲೇ ಹುಟ್ಟಿ ಬೆಳೆದ ನನ್ನ ಕನ್ನಡ ಅಡುಗೆಮನೆಯ ಹೊಸಿಲು ದಾಟಿರಲಿಲ್ಲ. “ನನ್ನ ಹತ್ರ ಎಂಥ ಬಹುವಚನ ಮಾರಾಯ್ತಿ? ನೀನು ಅನ್ನು. ಈ ಊರಲ್ಲಿ ಕನ್ನಡದಲ್ಲಿ ಜಗಳ ಆಡ್ಲಿಕ್ಕೆ ನಂಗೊಂದು ಜನ ಬೇಕು” ಎಂದು ನೀನೇ ಅದನ್ನು ಬಿಡಿಸಿದೆ. ರಜೆಗೆ ಬಂದಾಗಲೆಲ್ಲ ಸೂರತ್‌ನ ಅಡಾಜಣ್‌ನಲ್ಲಿ ಅಣ್ಣ ನಡೆಸುವ ನಮ್ಮ ಹೋಟೆಲಿನ ಹಿಂದಿನ ಮೇಜಿನಲ್ಲಿ ಕೂರಿಸಿ ಅಕ್ಷರ ಕಲಿಸಿದೆ. ಒತ್ತಕ್ಷರ ತಪ್ಪಿದರೆ ದೋಸೆ ತಡ. ಆ ಅಕ್ಷರಗಳಲ್ಲೇ ಇವತ್ತು ಬರೆಯುತ್ತಿದ್ದೇನೆ. ಇಂಥದ್ದೊಂದು ಪತ್ರ ಬರೆಯಲೆಂದು ನೀನು ಕಲಿಸಿದ್ದಲ್ಲ, ಗೊತ್ತು. ಆದರೆ ಬೇರೆ ಯಾರಿಗೆ ಹೇಳಲಿ?

ಆ ಮಧ್ಯಾಹ್ನ ನಾನು ವಡೋದರಾದ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದೆ. “ಹೆಣ್ಣು! ಇಬ್ರೂ ಆರಾಮ ಇದ್ದಾರೆ” ಎಂದು ಅಣ್ಣ ಫೋನಿನಲ್ಲಿ ಕೂಗಿದ. ಹುಟ್ಟಿದ ಮನೆಯಲ್ಲಿ ತಾಯಿ ಇಲ್ಲದ ನಿನ್ನ ಬಾಣಂತನವನ್ನು ಅಮ್ಮನೇ ಮಾಡುವುದೆಂದು ಮೊದಲೇ ನಿಶ್ಚಯವಾಗಿತ್ತಲ್ಲ, ಅವಳು ಆಗಲೇ ಸೂರತ್ ಸೇರಿದ್ದಳು. ನಾನೂ ಸಿಕ್ಕಿದ ರೈಲು ಹತ್ತಿದೆ. ಭರೂಚ್ ದಾಟುವಾಗ ಮತ್ತೆ ಫೋನ್. ಈ ಸಲ ಅಣ್ಣನ ದನಿ ಅಣ್ಣನದಾಗಿರಲಿಲ್ಲ. “ರಕ್ತ ನಿಲ್ತಾ ಇಲ್ಲವಂತೆ. ನೀನು ನರ್ಸ್ ಅಲ್ವಾ, ಎಂಥ ಮಾಡ್ಬೇಕು ಹೇಳು.” ಏನು ಹೇಳಿದೆನೋ ನೆನಪಿಲ್ಲ. ಸ್ಟೇಷನ್ನಿಗೆ ನನ್ನನ್ನು ಕರೆದೊಯ್ಯಲು ಹೋಟೆಲಿನ ಮ್ಯಾನೇಜರ್ ಬಂದಿದ್ದರು. ಅವರ ಮುಖ ನೋಡಿದ ಮೇಲೆ ನಾನು ಏನನ್ನೂ ಕೇಳಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ, ನಿನಗೆ ಹೆರಿಗೆ ಮಾಡಿಸಿದ ಡಾಕ್ಟರ್ ಹೇತಲ್‌ಬೆನ್ ಒಬ್ಬರೇ ಮನೆಗೆ ಬಂದರು. ನಿನಗೆ ಅವರೆಂದರೆ ಎಷ್ಟು ಇಷ್ಟವಿತ್ತು! ಅಣ್ಣ ಬಾಗಿಲಲ್ಲೇ ನಿಂತುಬಿಟ್ಟ. ಅವರು ಹಿಂದಿಯಲ್ಲಿ, ನಿಂತುಕೊಂಡೇ, ಆ ದಿನ ನಡೆದದ್ದನ್ನು ಒಂದೊಂದಾಗಿ ಹೇಳಿದರು. ಮಗು ಹುಟ್ಟಿದ ಮೇಲೆ ನಿನ್ನ ಗರ್ಭಕೋಶ ಬಿಗಿಯಲಿಲ್ಲ. ಬಟ್ಟೆಯ ಮೇಲೆ ಬಟ್ಟೆ ಒದ್ದೆಯಾಯಿತು, ಎಷ್ಟು ರಕ್ತ ಹೋಗುತ್ತಿದೆ ಎಂದು ಯಾರೂ ಅಳೆಯಲಿಲ್ಲ. ಕಣ್ಣಂದಾಜಿನಲ್ಲಿ ಅದು ಕಡಿಮೆ ಎಂದೇ ಕಂಡಿತು. ಗೊತ್ತಾಗುವಷ್ಟರಲ್ಲಿ ನೀನು ಬಿಳಿಚಿಕೊಂಡಿದ್ದೆ. ಬೇಕಾದ ಔಷಧಿ ಕೆಳಮಹಡಿಯ ಮೆಡಿಕಲ್‌ನಲ್ಲಿತ್ತು. ಅದನ್ನು ತರಲು ಓಡಿದ ನರ್ಸೇ ರಕ್ತನಿಧಿಗೂ ಫೋನ್ ಮಾಡಬೇಕಿತ್ತು. ತಾಪಿ ನದಿಯ ಆಚೆ ದಡದಿಂದ ರಕ್ತ ಸೇತುವೆ ದಾಟಿ ಬರುವ ಹೊತ್ತಿಗೆ...

“ಯಾರ ತಪ್ಪು?” ಎಂದ ಅಣ್ಣ. “ಒಂದು ಹೆಸರು ಹೇಳಿ.”

“ಹೆಸರು ಬೇಕಿದ್ದರೆ ನನ್ನದನ್ನೇ ಇಟ್ಟುಕೊಳ್ಳಿ ಭಾಯಿ. ಆದರೆ ನಾನು ಆಸ್ಪತ್ರೆ ಬಿಟ್ಟು ಹೋದರೂ ಔಷಧಿ ಕೆಳಮಹಡಿಯಲ್ಲೇ ಇರುತ್ತದೆ” ಎಂದರು ಹೇತಲ್‌ಬೆನ್.

ಅಣ್ಣ ಬಾಗಿಲು ಹಾಕಿಕೊಂಡ. ಅವರು ಮೆಟ್ಟಿಲಿಳಿಯುವ ಸದ್ದು ಕೇಳುತ್ತಾ ನಾನು ಮಗುವನ್ನು ಎತ್ತಿಕೊಂಡು ನಿಂತಿದ್ದೆ. ಅವರನ್ನು ದ್ವೇಷಿಸಬೇಕೋ ಬೇಡವೋ ತಿಳಿಯಲಿಲ್ಲ ಅತ್ತಿಗೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ? ಕೂರಿಸಿ ಕಾಫಿ ಕೊಡುತ್ತಿದ್ದೆಯೇನೋ.

ಮುಂದಿನ ವರ್ಷ ನಮ್ಮ ಆಸ್ಪತ್ರೆಯವರು ನನ್ನನ್ನು ಅಹಮದಾಬಾದಿಗೆ ಒಂದು ತರಬೇತಿಗೆ ಕಳಿಸಿದರು. ಆಸ್ಪತ್ರೆಗಳ ಕೆಲಸದ ಗುಣಮಟ್ಟ ಸುಧಾರಿಸುವುದು ಹೇಗೆ ಎಂಬ ತರಬೇತಿ. ಕಲಿಸುವವರು ಮೊದಲ ದಿನವೇ ಹೇಳಿದರು: ಏನಾದರೂ ಕೆಟ್ಟದ್ದಾದಾಗ ‘ಯಾರು’ ಎಂದು ಕೇಳಬೇಡಿ, ‘ಎಲ್ಲಿ ತಡವಾಯಿತು, ಯಾಕೆ ತಡವಾಯಿತು’ ಎಂದು ಕೇಳಿ. ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋಗಬೇಡಿ. ಒಂದು ಸಣ್ಣ ಬದಲಾವಣೆ ಮಾಡಿ, ಒಬ್ಬ ರೋಗಿಗೆ, ಒಂದು ಪಾಳಿಯಲ್ಲಿ. ಆದದ್ದನ್ನು ಅಳೆಯಿರಿ. ಒಳ್ಳೆಯದಾದರೆ ಇಟ್ಟುಕೊಳ್ಳಿ, ಇಲ್ಲವಾದರೆ ತಿದ್ದಿ. ಎಲ್ಲರೂ ತಲೆಯಾಡಿಸಿದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ‘ಯಾರು’ ಎಂದು ಕೇಳಬಾರದೆ? ನನಗೆ ಸಿಟ್ಟು ಮಾಡಲು ಒಂದು ಮುಖ ಬೇಕಿತ್ತು. ಮೆಟ್ಟಿಲಿನ ಮೇಲೆ, ಸೇತುವೆಯ ಮೇಲೆ ಸಿಟ್ಟು ಮಾಡುವುದು ಹೇಗೆ? ಚಹದ ಹೊತ್ತಿಗೆ ಹಿಂದಿನಿಂದ ಯಾರೋ “ಜ್ಯೋತಿಬೆನ್” ಎಂದರು. ತಿರುಗಿದರೆ ಹೇತಲ್‌ಬೆನ್. ತಲೆಯಲ್ಲಿ ಬಿಳಿಕೂದಲು ಹೆಚ್ಚಾಗಿತ್ತು.

“ನಮ್ಮ ಹೆರಿಗೆ ಕೋಣೆಯ ಕೆಲಸವನ್ನೆಲ್ಲ ಬದಲಿಸಬೇಕು. ನಮಗೆ ಎಲ್ಲವೂ ರೂಢಿಯಾಗಿಬಿಟ್ಟಿದೆ, ಕಣ್ಣಿಗೆ ಬೀಳುವುದಿಲ್ಲ. ನೀವು ಬಂದರೆ ಯಾವುದನ್ನೂ ಕಾಣದ ಹಾಗೆ ಇರಲಾರಿರಿ. ಬರುತ್ತೀರಾ?” ಎಂದು ಕೇಳಿದರು. ಲೋಟ ಅಲ್ಲೇ ಇಟ್ಟು ಎದ್ದು ಹೋದೆ. ಆದರೆ ವಡೋದರಾ ತಲುಪಿದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಆ ಕೆಲಸಕ್ಕೆ ಸೇರುತ್ತೇನೆಂದು ಅಣ್ಣನಿಗೆ ಹೇಳಿದ್ದು ಹೋಟೆಲಿನ ಗಲ್ಲೆಯ ಮುಂದೆ. ಜನ ಇದ್ದರೆ ಕೂಗಾಡಲಾರ ಎಂದುಕೊಂಡಿದ್ದೆ. ಅವನು ಕೂಗಾಡಲಿಲ್ಲ. “ಅದೇ ಕಟ್ಟಡಕ್ಕಾ? ಅದೇ ಕೋಣೆಗಾ?” ಎಂದ. “ನೀನು ಹೋಗಿ ಅಲ್ಲಿ ನಿಂತ್ರೆ ಅವರು ಮಾಡಿದ್ದು ಸರಿ ಅಂತಾಗ್ತದೆ. ಅಷ್ಟೂ ಗೊತ್ತಾಗುದಿಲ್ವಾ ನಿಂಗೆ?” ನಾನು ಬಾಯಿ ತೆರೆಯುವುದರೊಳಗೆ ಮುಖ ತಿರುಗಿಸಿ ಬಿಲ್ಲು ಕೊಡತೊಡಗಿದ. ಆ ಹೊತ್ತಿಗಾಗಲೇ ಅವನು ನಿನ್ನ ಹೆಸರೆತ್ತುವುದನ್ನು ಬಿಟ್ಟಿದ್ದ. ಈಗ ನನ್ನ ಹೆಸರನ್ನೂ ಬಿಟ್ಟ. ನಾನು ಸೂರತ್‌ಗೆ ಬಂದ ಮೇಲೆ ಒಂದೇ ಮನೆಯಲ್ಲಿದ್ದೆವು ಅತ್ತಿಗೆ, ಆದರೆ ನನಗೇನಾದರೂ ಹೇಳಬೇಕಿದ್ದರೆ “ಅಮ್ಮ, ಅವಳಿಗೆ ಹೇಳು” ಎನ್ನುತ್ತಿದ್ದ.

ಮೊದಲ ಸಲ ಆ ಕೋಣೆಯೊಳಗೆ ಕಾಲಿಟ್ಟಾಗ ಎದುರಾದದ್ದು ರೇಖಾಬೆನ್. ಅವತ್ತು ಔಷಧಿಗೆಂದು ಓಡಿದ ನರ್ಸ್ ಅವರೇ. ನನ್ನನ್ನು ನೋಡಿ ಗೋಡೆಗೆ ಒರಗಿಕೊಂಡರು. ತಪ್ಪು ಯಾರದೆಂದು ಪತ್ತೆ ಮಾಡಿ ಶಿಕ್ಷೆ ಕೊಡಿಸಲು ಬಂದವಳು ನಾನು ಎಂದೇ ಬಹಳ ದಿನ ಅವರು ನಂಬಿದ್ದರು. ಹೆರಿಗೆಯಾದ ಕೂಡಲೇ ಕೆಳಗೆ ಹಾಸುವ, ರಕ್ತ ಎಷ್ಟು ಹೋಯಿತೆಂದು ತೋರಿಸುವ ಗೆರೆಗಳಿರುವ ಪ್ಲಾಸ್ಟಿಕ್ ಚೀಲ ತಂದೆವು. ಒಬ್ಬ ಹೆಂಗಸಿನ ಹೆರಿಗೆಯಲ್ಲಿ ಬಳಸಿ ನೋಡಿದೆವು, ಅದು ಜಾರಿ ನೆಲಕ್ಕೆ ಬಿತ್ತು. ಹಾಸುವ ರೀತಿ ಬದಲಿಸಿದೆವು. ಬೇಕಾದ ಔಷಧಿ, ಸೂಜಿ, ಗ್ಲೌಸುಗಳನ್ನೆಲ್ಲ ಒಂದು ಪೆಟ್ಟಿಗೆಗೆ ಹಾಕಿ ಮಂಚದ ಪಕ್ಕದಲ್ಲೇ ಇಟ್ಟೆವು, ತಣ್ಣಗಿಡಬೇಕಾದದ್ದಕ್ಕೆ ಕೋಣೆಯಲ್ಲೇ ಒಂದು ಪುಟ್ಟ ಫ್ರಿಜ್. ಒಂದು ವಾರ ಬಿಟ್ಟು ನೋಡಿದರೆ ಪೆಟ್ಟಿಗೆ ಅರ್ಧ ಖಾಲಿ! ಗ್ಲೌಸು, ಸೂಜಿ ಬೇಕಾದವರೆಲ್ಲ ಅದರಿಂದಲೇ ತೆಗೆದಿದ್ದರು. ಅವತ್ತು ನಾನು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತೆ. “ಪೆಟ್ಟಿಗೆಯ ಬಾಯಿಗೆ ದಾರ ಕಟ್ಟಿಬಿಡೋಣ. ದಾರ ಹರಿದಿದ್ದರೆ ಪಾಳಿ ಬದಲಾಗುವಾಗ ಗೊತ್ತಾಗುತ್ತದೆ” ಎಂದರು ಹೇತಲ್‌ಬೆನ್. ಆ ಮೇಲೆ ಪೆಟ್ಟಿಗೆ ತುಂಬಿಯೇ ಇರತೊಡಗಿತು.

ಅಣಕು ಅಭ್ಯಾಸದ ಆ ಬೆಳಿಗ್ಗೆಯನ್ನು ನಿನಗೆ ಹೇಗೆ ಹೇಳಲಿ? ಯಾರಾದರೂ ಬಾಣಂತಿಯಂತೆ ಮಲಗಬೇಕು. ಉಳಿದವರು ರಕ್ತಸ್ರಾವವಾಗುತ್ತಿದೆ ಎಂದುಕೊಂಡು ತಮ್ಮ ತಮ್ಮ ಪಾಲಿನ ಕೆಲಸ ಮಾಡಬೇಕು. ಒಬ್ಬರು ಔಷಧಿ ಕೊಡಲು, ಒಬ್ಬರು ಹೊಟ್ಟೆ ನೀವಲು, ಒಬ್ಬರು ರಕ್ತಕ್ಕೆ ಫೋನ್ ಮಾಡಲು. ಯಾರ ಕೆಲಸವೂ ಇನ್ನೊಬ್ಬರ ತಲೆಗೆ ಬೀಳಬಾರದು. ಯಾರೂ ಮಲಗಲು ಮುಂದೆ ಬರಲಿಲ್ಲ. ನಾನೇ ಹತ್ತಿ ಮಲಗಿದೆ. ಅದೇ ಮಂಚ. ಮೇಲೆ ಸುಣ್ಣ ಎದ್ದ ಚಾವಣಿ, ಕಿಟಕಿಯಾಚೆ ರಿಕ್ಷಾಗಳ ಹಾರ್ನ್. ನೀನು ಕೊನೆಯದಾಗಿ ನೋಡಿದ್ದು ಇದನ್ನೇ ಅಲ್ಲವೆ? ಅಣ್ಣನ ಮುಖವೂ ಅಲ್ಲ, ಮಗುವಿನದೂ ಅಲ್ಲ. ರೇಖಾಬೆನ್ ಬಂದು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟರು. “ನಿಮ್ಮ ಭಾಭಿ ನನ್ನ ಕೈ ಹಿಡಿದುಕೊಂಡಿದ್ದರು” ಎಂದರು ಗುಜರಾತಿಯಲ್ಲಿ, ನನಗೆ ಮಾತ್ರ ಕೇಳುವ ಹಾಗೆ. “ಔಷಧಿ ತರಲು ಆ ಕೈ ಬಿಡಿಸಿಕೊಂಡು ಹೋಗಬೇಕಾಯಿತು ಬೆನ್. ಬಿಡಲೇ ಇಲ್ಲ ಅವರು. ನಾನೇ ಬೆರಳು ಬಿಡಿಸಿದೆ.” ಅಷ್ಟು ದಿನ ನಾನು ಹುಡುಕುತ್ತಿದ್ದ ಮುಖ ನನ್ನ ಮೇಲೆ ಬಾಗಿತ್ತು, ಅದರ ಕಣ್ಣೀರು ನನ್ನ ಕೆನ್ನೆಯ ಮೇಲೆ ಬಿತ್ತು. ನಾನು ಅವರ ಕೈ ಹಿಡಿದುಕೊಂಡೆ. ಬೇರೇನು ಮಾಡಬಹುದಿತ್ತು, ನೀನೇ ಹೇಳು. ಅಭ್ಯಾಸವನ್ನು ಮೊದಲಿನಿಂದ ಮತ್ತೆ ಶುರು ಮಾಡಿದೆವು. ಆ ದಿನದಿಂದ ಬಾಣಂತಿಯ ತಲೆಯ ಹತ್ತಿರ ಒಬ್ಬರು ನಿಲ್ಲಲೇಬೇಕು, ಏನೇ ಆದರೂ ಕೈ ಬಿಡಕೂಡದು ಎಂದೂ ಸೇರಿಸಿಕೊಂಡೆವು. ಅಹಮದಾಬಾದಿನ ಪಾಠದಲ್ಲಿ ಇದು ಇರಲಿಲ್ಲ.

ಈ ವರ್ಷ ಉತ್ತರಾಯಣದ ಗಾಳಿಪಟಗಳ ಗದ್ದಲ ಮುಗಿದ ಮೇಲೆ ಕಿಂಜಲ್ ಎಂಬ ಹುಡುಗಿ ಹೆರಿಗೆಗೆ ಬಂದಳು. ಗಂಡನಿಗೆ ವರಾಛಾದಲ್ಲಿ ವಜ್ರಕ್ಕೆ ಹೊಳಪು ಕೊಡುವ ಕೆಲಸ, ಇವಳ ತವರು ಅಡಾಜಣ್. ಮಗು ಹುಟ್ಟಿತು, ಅತ್ತಿತು. ಆಮೇಲೆ ಚೀಲ ತುಂಬತೊಡಗಿತು. “ಗೆರೆ ದಾಟಿತು!” ಎಂದು ರೇಖಾಬೆನ್ ಗಟ್ಟಿಯಾಗಿ ಕೂಗಿದರು. ಯಾರೂ ಓಡಲಿಲ್ಲ ಅತ್ತಿಗೆ. ಓಡಿ ತರಬೇಕಾದದ್ದು ಏನೂ ಇರಲಿಲ್ಲ, ಎಲ್ಲವೂ ಕೈಗೆಟುಕುವಷ್ಟು ಹತ್ತಿರವಿತ್ತು. ದಾರ ಹರಿಯಿತು, ಔಷಧಿ ಹೋಯಿತು, ಫೋನಿನಲ್ಲಿ ರಕ್ತದ ಗುಂಪು ಹೇಳುವ ದನಿ ಕೇಳಿಸಿತು. ನಾನು ಕಿಂಜಲಳ ತಲೆಯ ಹತ್ತಿರ ಕೈ ಹಿಡಿದು ನಿಂತಿದ್ದೆ. ರಕ್ತ ಬರುವ ಮೊದಲೇ ಸ್ರಾವ ನಿಂತಿತು. ಅವಳು “ಭೂಖ್ ಲಾಗಿ ಛೇ” ಎಂದಳು, ಹಸಿವಾಗುತ್ತಿದೆ ಅಂತ. ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಗೆದ್ದದ್ದಕ್ಕೆ ಇಷ್ಟು ಸಂಕಟವಾಗಬಹುದೆಂದು ಯಾರೂ ಹೇಳಿರಲಿಲ್ಲ. ಒಂದು ಚೀಲ, ಒಂದು ಪೆಟ್ಟಿಗೆ, ತುಂಡು ದಾರ. ನಿನಗೂ ಇಷ್ಟು ಸಾಕಾಗುತ್ತಿತ್ತೆ?

ಮನೆಗೆ ಬಂದು ಅಮ್ಮನಿಗೆ ಹೇಳುತ್ತಿದ್ದಾಗ ಅಣ್ಣ ಹೊರಗಿನ ಕೋಣೆಯಲ್ಲಿದ್ದ. ಕೇಳಿಸಿಕೊಳ್ಳುತ್ತಾನೆಂದು ನಾನೆಣಿಸಿರಲಿಲ್ಲ. ಬಾಗಿಲಿಗೆ ಬಂದು ನಿಂತು, ಎಷ್ಟೋ ಕಾಲದ ಮೇಲೆ ನೇರ ನನ್ನನ್ನೇ ಕೇಳಿದ: “ಇಷ್ಟೇ ಸಾಕಿತ್ತಾ?”

ಸುಳ್ಳು ಹೇಳಬಹುದಿತ್ತು. ನಿನ್ನದು ಬೇರೆ ತರಹದ್ದು, ಯಾರು ಏನು ಮಾಡಿದರೂ ಉಳಿಯುತ್ತಿರಲಿಲ್ಲ ಎನ್ನಬಹುದಿತ್ತು.

“ಖಂಡಿತ ಹೇಳ್ಲಿಕ್ಕಾಗುದಿಲ್ಲ ಅಣ್ಣ. ಸಾಕಾಗ್ತಿತ್ತು ಅಂತ ನಂಗನ್ನಿಸ್ತದೆ” ಎಂದೆ.

ಅವನು ಅಲ್ಲೇ ನೆಲದ ಮೇಲೆ ಕುಳಿತು ಅತ್ತ. ನೀನು ಹೋದಾಗಲೂ ಅವನು ಹಾಗೆ ಅತ್ತಿರಲಿಲ್ಲ. ಅಮ್ಮ ಅವನ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ನಿನ್ನ ಮಗಳು ಮೈತ್ರಿ ಓಡಿ ಬಂದು “ಪಪ್ಪಾ, ಶು ಥಯು?” ಎಂದು ಕೇಳುತ್ತಲೇ ಇದ್ದಳು. ಏನಾಯಿತು ಎಂದು ಅವಳು ಕೇಳುವುದು ಗುಜರಾತಿಯಲ್ಲೇ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ನನ್ನನ್ನು ಅತ್ತೆ ಎನ್ನದೆ ಇಲ್ಲಿಯ ಮಕ್ಕಳ ಹಾಗೆ ‘ಫೋಈ’ ಎನ್ನುತ್ತಾಳೆ. ನೀನಿದ್ದರೆ...

ಈಗ ಕಳೆದ ಶನಿವಾರದ ಸುದ್ದಿ. ಇದನ್ನು ಹೇಳಲೆಂದೇ ಕುಳಿತದ್ದು. ಕಿಂಜಲ್ ಮಗುವಿನ ತಪಾಸಣೆಗೆ ಬಂದವಳು ಗಂಡನೊಡನೆ ನಮ್ಮ ಹೋಟೆಲಿಗೆ ಇಡ್ಲಿ ತಿನ್ನಲು ಹೋದಳು. ಅದು ಯಾರ ಹೋಟೆಲು ಎಂದು ಅವಳಿಗೆ ಗೊತ್ತಿರಲಿಲ್ಲ. ಅಣ್ಣ ಕೂಸನ್ನು ಆಡಿಸುತ್ತಾ, ಇದು ಎಲ್ಲಿ ಹುಟ್ಟಿದ್ದು ಎಂದು ಕೇಳಿದನಂತೆ. ಅವಳು ಆಸ್ಪತ್ರೆಯ ಹೆಸರು ಹೇಳಿ, “ನಾನು ಬದುಕಿದ್ದೇ ಹೆಚ್ಚು ಭಾಯಿ” ಎಂದಳಂತೆ. ಅಣ್ಣ ಗಲ್ಲೆ ಬಿಟ್ಟು ಎದ್ದು ಅವರ ಮೇಜಿನಲ್ಲೇ ಕುಳಿತನಂತೆ. ಗೋಡೆಯಲ್ಲಿದ್ದ ನಿನ್ನ ಫೋಟೊ ತೋರಿಸಿ, “ನನ್ನ ಹೆಂಡತಿ, ಸುಜಾತಾ. ಅದೇ ಕೋಣೆಯಲ್ಲಿ ಹೋದಳು. ಅಲ್ಲಿ ನಿಮ್ಮ ಕೈ ಹಿಡಿದು ನಿಂತಿದ್ದವಳು ನನ್ನ ತಂಗಿ” ಎಂದನಂತೆ.

ಇದನ್ನೆಲ್ಲ ನನಗೆ ಹೇಳಿದ್ದು ಅವನೇ. ಆಸ್ಪತ್ರೆಗೆ ಫೋನ್ ಮಾಡಿದ್ದ. ಹೇಳಿ ಮುಗಿಸಿ, ಕೊನೆಗೆ ಕೇಳಿದ: “ಹೊಸ ನರ್ಸುಗಳಿಗೆ ಕಲಿಸ್ತೀಯಲ್ಲ, ಅವರಿಗೆ ಸುಜಾತನ ಬಗ್ಗೆ ಹೇಳ್ತೀಯಾ? ಇಲ್ಲಾಂದ್ರೆ... ನಾನೇ ಬಂದು ಹೇಳ್ಲಾ?”

ಬರುವ ಸೋಮವಾರ ಅವನು ಬರುತ್ತಿದ್ದಾನೆ ಅತ್ತಿಗೆ. ಆ ಕಟ್ಟಡಕ್ಕೆ, ಆ ಕೋಣೆಗೆ. ಬಾಗಿಲಲ್ಲಿ ಅವನ ಕಾಲು ತಡೆದರೆ ನಾನು ಪಕ್ಕದಲ್ಲಿರುತ್ತೇನೆ.

ನಿನ್ನ,
ಜ್ಯೋತಿ