ಇಳಿದ ಸಮಯದ ಕಾಲಂ

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 8.10

ಮತ್ತೆ ಆಯಿಲ್ ಕಪ್ಪು. ಹಾಕಿ ಹತ್ತು ದಿನವಾಗಿಲ್ಲ. ರಿಜಿಸ್ಟರಿನ ಪ್ರಕಾರ ಎಂಜಿನ್ ಓಡಿದ್ದು ಎಂಟೇ ಗಂಟೆ. ಆಯಿಲ್ ಅಳೆಯುವ ಕಡ್ಡಿ ಎತ್ತಿ ನೋಡಿದರೆ ಕಾಡಿಗೆ. ಇದು ದುಡಿದು ಸುಸ್ತಾದ ಆಯಿಲ್‌ನ ಬಣ್ಣ. ಹದಿನೆಂಟು ವರ್ಷ ಇದರಲ್ಲೇ ಕೈ ಅದ್ದಿದ್ದೇನೆ, ನನಗೆ ಗೊತ್ತಿಲ್ಲವೇ.

ಕ್ಯಾಪ್ಟನ್‌ಗೆ ತೋರಿಸಿದೆ. ನಮ್ಮ ಫ್ಲೈಯಿಂಗ್ ಕ್ಲಬ್ಬಿನ ಮುಖ್ಯ ಶಿಕ್ಷಕ. ಇಲ್ಲಿ ಅವನು ಹೇಳಿದ್ದೇ ಹವಾಮಾನ. ಕಡ್ಡಿಯ ಕಡೆ ಕಣ್ಣೂ ಹಾಯಿಸಲಿಲ್ಲ.

“ಬಿಸಿಲಮ್ಮಾ. ಬಿಸಿಲಿಗೆ ಯಾರು ಕಪ್ಪಾಗಲ್ಲ ಹೇಳು?”

“ನಾನು ಹುಟ್ಟುತ್ತಲೇ ಕಪ್ಪು ಸಾರ್. ಆಯಿಲ್ ವಿಷ್ಯ ಹೇಳಿ.”

ಅವನ ನಗು ಅಲ್ಲೇ ಒಣಗಿತು.

ಹಾರುವ ಸ್ಥಿತಿಯಲ್ಲಿರುವುದು ಒಂದೇ ವಿಮಾನ. ಎರಡು ಸೀಟು, ನಾಲ್ಕು ಸಿಲಿಂಡರ್. ಎಲ್ಲರ ಬಾಯಲ್ಲೂ ‘ಮುದುಕಿ’. ಮುದುಕಿಯ ಮೈ ತೊಳೆಯುವವರು ನಾವು, ಹೆಗಲೇರುವವರು ಉಳ್ಳವರು. ಹೋದ ವರ್ಷ ನಾವು ಕಾರ್ಮಿಕ ಸಂಘದವರು ಹನ್ನೊಂದು ದಿನ ಗೇಟಿನ ಮುಂದೆ ಕೂತೆವು — ಕೆಲಸಗಾರರಿಗೂ ಹಾರಲು ಕಲಿಸಿ ಎಂದು. ಕಲಿಸುತ್ತಿದ್ದಾರೆ. ವಾರಕ್ಕೊಂದು ಗಂಟೆ, ಮುಖ ಗಂಟು ಹಾಕಿಕೊಂಡು. ಕೆಲವು ವಾರ ಅದೂ ಇಲ್ಲ. ನನ್ನ ಹಾರಾಟದ ಪುಸ್ತಕದಲ್ಲಿ ಈಗ ಮೂವತ್ತನಾಲ್ಕು ಗಂಟೆ. ನಲವತ್ತಾದರೆ ಲೈಸೆನ್ಸ್ ಪರೀಕ್ಷೆ. ಆದರೆ ಒಂಟಿಯಾಗಿ ಹಾರಲು ಬಿಟ್ಟಿಲ್ಲ, ಒಂದು ಸಲವೂ. “ನಿನ್ನ ಲ್ಯಾಂಡಿಂಗ್ ನಂಬೋ ಹಾಗಿಲ್ಲ” ಎನ್ನುತ್ತಾನೆ. ನಾನು ಕಟ್ಟಿದ ಎಂಜಿನ್ ನಂಬಿ ಊರೆಲ್ಲ ಹಾರುತ್ತದೆ. ನನ್ನ ಕೈ ಮಾತ್ರ ನಂಬಿಕೆಗೆ ಅರ್ಹವಲ್ಲ!

ಮಾರ್ಚ್ 4, ಬುಧವಾರ

ರೆಕ್ಕೆಯ ಮುಂದಂಚು ಒರೆಸುವಾಗ ಹುಳುಗಳು. ಅಪ್ಪಳಿಸಿ ಸತ್ತ ಹುಳುಗಳು, ಸಾಲಾಗಿ. ನಿಂತ ವಿಮಾನಕ್ಕೆ ಹುಳು ಹೀಗೆ ಅಪ್ಪಳಿಸುವುದಿಲ್ಲ. ಶನಿವಾರ ಸಂಜೆ ನಾನೇ ಉಜ್ಜಿ ತೊಳೆದು ಬೀಗ ಹಾಕಿದ್ದು. ಬೀಗದ ಕೈ ಇರುವುದು ನನ್ನ ಬಳಿ, ಆಮೇಲೆ ವಿಮಾನ ಹೊರಗೆ ಬಂದಿಲ್ಲ.

ರಿಜಿಸ್ಟರಿನಲ್ಲಿ ಭಾನುವಾರ ಗಿರಣಿ ಮಾಲೀಕನ ಮಗ ಒಂದೂವರೆ ಗಂಟೆ ಹಾರಿದ್ದಾನೆ. ಗೇಟು ಕಾಯುವ ಅಣ್ಣನನ್ನು ಕೇಳಿದೆ.

“ಯಾವ ಹಾರಾಟ ಅಕ್ಕಾ? ಭಾನುವಾರ ಈ ಮೈದಾನದಲ್ಲಿ ಹಾರಿದ್ದು ಅಂದ್ರೆ ನನ್ನ ಟವೆಲ್ ಒಂದೇ. ಅದು ಪೆನ್ನಿನ ಹಾರಾಟ.”

ಪೆನ್ನಿನ ಹಾರಾಟ. ಎಲ್ಲರಿಗೂ ಗೊತ್ತಿರುವ ಗುಟ್ಟು. ಉಳ್ಳವರ ಮಕ್ಕಳು ಮನೆಯಲ್ಲಿ ಮಲಗಿರುತ್ತಾರೆ, ಕ್ಯಾಪ್ಟನ್ ಭಾನುವಾರ ಆಫೀಸಿನಲ್ಲಿ ಕೂತು ಅವರ ಗಂಟೆಗಳನ್ನು ಬರೆಯುತ್ತಾನೆ. ಅದರಲ್ಲೂ ಸೋಮಾರಿ. ಊಟಕ್ಕೆ ಮುಂಚೆ ‘ಹೊರಟ ಸಮಯ’ದ ಕಾಲಂ ತುಂಬುವುದು, ಉಂಡು ತೇಗಿ ಬಂದು ‘ಇಳಿದ ಸಮಯ’ದ ಕಾಲಂ.

ಸುಳ್ಳು ಗೊತ್ತಿತ್ತು. ಆದರೆ ಹುಳುಗಳು?

ಮಾರ್ಚ್ 8, ಭಾನುವಾರ. ಮಧ್ಯಾಹ್ನ 3

ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ದೆವ್ವ-ಗಿವ್ವ ನಂಬಿದವಳಲ್ಲ. ದೆವ್ವದ ಹೆಸರು ಹೇಳಿ ನಮ್ಮವರನ್ನು ಎಷ್ಟು ಹೆದರಿಸಿದರು ಎಂದು ಬೀದಿ ನಾಟಕ ಆಡಿದವಳು.

ಹನ್ನೊಂದಕ್ಕೆ ಹೋದೆ. ಕ್ಯಾಪ್ಟನ್ ಆಫೀಸಿನಲ್ಲಿ ಬರೆಯುತ್ತಿದ್ದ. ಹ್ಯಾಂಗರ್ ಬೀಗ ತೆಗೆದೆ. ಮುದುಕಿ ಇದ್ದಲ್ಲೇ. ಚಕ್ರಕ್ಕೆ ಮರದ ತುಂಡು. ಸ್ವಿಚ್ ಆಫ್. ಪ್ರೊಪೆಲ್ಲರ್ ಅಲುಗಾಡದೆ ನಿಂತಿದೆ.

ಎಂಜಿನ್ ಓಡಿದ ಗಂಟೆ ಎಣಿಸುವ ಮೀಟರ್ ತಿರುಗುತ್ತಿದೆ.

ಆಯಿಲ್‌ನ ಒತ್ತಡ ಬಂದರೆ ಮಾತ್ರ ತಿರುಗುವ ಮೀಟರ್ ಅದು. ಎಂಜಿನ್ ಮುಚ್ಚಳಕ್ಕೆ ಕೈ ಇಟ್ಟೆ — ಸುಟ್ಟಿತು. ಬೆಂಚಿನ ಮೇಲಿನ ತಟ್ಟೆಯಲ್ಲಿ ನಟ್ಟುಗಳು ಸಣ್ಣಗೆ ನಡುಗುತ್ತಿವೆ. ಸದ್ದಿಲ್ಲ. ಒಂದಿಷ್ಟೂ ಇಲ್ಲ. ಎಂಜಿನ್ ಅಬ್ಬರಿಸಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಸ್ಪ್ಯಾನರ್ ಹಿಡಿದುಕೊಂಡು ಅಲ್ಲೇ ಕೂತೆ. ಯಾರಿಗೆ ಹೊಡೆಯುವುದಕ್ಕೋ!

ಒಂದೂವರೆಗೆ ಕ್ಯಾಪ್ಟನ್ ಊಟ ಮುಗಿಸಿ ಬಂದ. ಕಿಟಕಿಯಲ್ಲಿ ಕಾಣುತ್ತಿದ್ದ. ಪೆನ್ನು ತೆಗೆದ, ಬರೆದ. ಮೀಟರ್ ನಿಂತಿತು. ನಟ್ಟುಗಳೂ.

ಆಮೇಲೆ ರಿಜಿಸ್ಟರ್ ನೋಡಿದೆ. ಇಳಿದ ಸಮಯ ಹನ್ನೆರಡು ಎಂದು ಬರೆದಿದ್ದಾನೆ. ಮೀಟರ್ ಓಡಿದ್ದು ಅವನು ಬರೆಯುವವರೆಗೆ. ಆಯಿಲ್ ಕಪ್ಪಾಗುವ ಗುಟ್ಟು ಇದು. ಅವನ ಊಟ ಉದ್ದವಾದಷ್ಟೂ ನನ್ನ ಎಂಜಿನ್ ಸವೆಯುತ್ತದೆ.

ಮಾರ್ಚ್ 11, ಬುಧವಾರ

ಗಿರಣಿ ಮಾಲೀಕನ ಮಗ ಬಂದಿದ್ದ. ಕಿವಿಗೆ ಹತ್ತಿ ತುರುಕಿಕೊಂಡಿದ್ದಾನೆ.

“ಅಕ್ಕಾ, ನಗಬಾರದು. ಭಾನುವಾರ ಸೋಫಾ ಮೇಲೆ ಬಿದ್ಕೊಂಡಿದ್ದೆ. ಕಿವಿ ಗಪ್ಪಂತ ಮುಚ್ಚಿಕೊಳ್ತು. ಹೊಟ್ಟೆ ಮೇಲಕ್ಕೆ ಎದ್ದ ಹಾಗಾಯ್ತು. ಡಾಕ್ಟ್ರು ಏನೂ ಇಲ್ಲ ಅಂತಾರೆ.”

“ಎಷ್ಟು ಹೊತ್ತಿಗೆ?”

“ಹನ್ನೊಂದು ಹನ್ನೊಂದೂ ಕಾಲು.”

“ಬಿಟ್ಟಿದ್ದು?”

“ಒಂದೂವರೆ... ಯಾಕೆ?”

ಅಂಗಿಯ ಕಾಲರ್ ಸರಿಸಿ ತೋರಿಸಿದ. ಎರಡೂ ಹೆಗಲ ಮೇಲೆ ಬೆಲ್ಟಿನ ಗೆರೆ, ಕೆಂಪಗೆ. ಮುದುಕಿಯ ಬೆಲ್ಟು ಅಷ್ಟೇ ಅಗಲ.

ಪಾಪ ಅನಿಸಿತು. ಅನಿಸಬಾರದಿತ್ತು.

ಮಾರ್ಚ್ 19, ಗುರುವಾರ

ಆಯಿಲ್ ಫಿಲ್ಟರ್ ಕೊಯ್ದು ಬಿಡಿಸಿದೆ. ಮಡಿಕೆಗಳಲ್ಲಿ ಮಿಣುಕು. ಲೋಹದ ಚೂರು. ಒಳಗೆ ಬೇರಿಂಗ್ ಉದುರುತ್ತಿದೆ. ಈ ಎಂಜಿನ್ ಇನ್ನೊಂದು ಮೂರ್ನಾಲ್ಕು ಗಂಟೆ ಓಡಿದರೆ ಹೆಚ್ಚು. ಆಮೇಲೆ ಆಕಾಶದಲ್ಲೇ ಬಿಗಿದು ನಿಂತುಬಿಡುತ್ತದೆ. ದೋಷದ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ: ಹಾರಾಟಕ್ಕೆ ಯೋಗ್ಯವಲ್ಲ. ಸಹಿ ಹಾಕಿದೆ.

ಕ್ಯಾಪ್ಟನ್ ಹ್ಯಾಂಗರ್‌ಗೇ ಬಂದ. ಬಾಗಿಲು ಮುಂದೆ ಮಾಡಿದ.

“ಆ ಪುಟ ಹರಿ. ನಿಂಗಿನ್ನು ಆರು ಗಂಟೆ ತಾನೆ ಬೇಕಾಗಿರೋದು? ನಾನು ಬರೀತೀನಿ. ಒಂಟಿ ಹಾರಾಟ ಅಂತಾನೇ ಬರೀತೀನಿ. ಮುಂದಿನ ತಿಂಗಳು ಲೈಸೆನ್ಸ್ ನಿನ್ನ ಕೈಲಿರತ್ತೆ.”

“ನನ್ನ ಆರು ಗಂಟೆ ನಾನೇ ಹಾರ್ತೀನಿ ಸಾರ್.”

“ಅಯ್ಯೋ, ಎಷ್ಟು ಸೊಕ್ಕಮ್ಮಾ!”

“ಸಾರ್, ನೀವು ಬರೆದಿದ್ದೆಲ್ಲ ಹಾರ್ತಿದೆ. ನಿಜವಾಗ್ಲೂ. ಎಂಜಿನ್ ಅದಕ್ಕೇ ಸವೀತಿರೋದು. ಭಾನುವಾರ ಬಂದು ಮೀಟರ್ ನೋಡಿ.”

ಹೊಟ್ಟೆ ಹಿಡಿದುಕೊಂಡು ನಕ್ಕ. “ದೆವ್ವಾನಾ?”

“ದೆವ್ವ ಅಲ್ಲ. ನಿಮ್ಮ ಕೈಬರಹ.”

ಮಾರ್ಚ್ 20, ಶುಕ್ರವಾರ

ಲೈಸೆನ್ಸ್ ಕೊಡುವ ಆಫೀಸಿಗೆ ಪತ್ರ ಬರೆದೆ. ಎರಡು ಪುಟ. ಹುಳು, ಮೀಟರ್ ಏನೂ ಇಲ್ಲ — ಹುಚ್ಚಿ ಎಂದು ಕಸದ ಬುಟ್ಟಿಗೆ ಹಾಕುತ್ತಾರೆ. ಸುಳ್ಳು ಗಂಟೆಗಳ ಪಟ್ಟಿ ಮಾತ್ರ. ಕೊನೆಗೆ ದಪ್ಪಕ್ಷರದಲ್ಲಿ: ಭಾನುವಾರ ಬನ್ನಿ, ಊಟಕ್ಕೆ ಮುಂಚೆ ಬನ್ನಿ. ಪೆನ್ನು ಕೈಯಲ್ಲಿರುವಾಗಲೇ ಹಿಡಿಯಿರಿ. ಒಂದಕ್ಷರ ತಿದ್ದಲು ಬಿಡಬೇಡಿ.

ಸಂಘದಲ್ಲಿ ಕಲಿತದ್ದು ಇದೇ. ಕಳ್ಳನನ್ನು ಕನ್ನದ ಬಾಯಲ್ಲೇ ಹಿಡಿಯಬೇಕು.

ಏಪ್ರಿಲ್ 5, ಭಾನುವಾರ. ಬೆಳಿಗ್ಗೆ 11

ಮನೆಯಲ್ಲಿದ್ದೇನೆ. ಅಡುಗೆಮನೆಯ ಮೇಜು. ತಂಗಿ ಇಸ್ತ್ರಿ ಮಾಡುತ್ತಿದ್ದಾಳೆ. ಕೆಂಪು ಶಾಯಿ ಬಿದ್ದ ಮೇಲೆ ಎರಡು ಭಾನುವಾರ ಪೆನ್ನೂ ಹಾರಿರಲಿಲ್ಲ.

ಹತ್ತೂ ಇಪ್ಪತ್ತಕ್ಕೆ ಕಿವಿ ಗಪ್ಪೆಂದಿತು.

ಹತ್ತೂ ಮೂವತ್ತಕ್ಕೆ ಗೇಟಿನ ಅಣ್ಣನ ಫೋನ್. ಕುಣಿಯುತ್ತಿದ್ದ.

“ಅಕ್ಕಾ, ಬಂದ್ರು! ಮೂರು ಜನ. ಕ್ಯಾಪ್ಟನ್ ಬರೀತಾ ಇದ್ದಾಗ್ಲೇ ರಿಜಿಸ್ಟರ್ ಕಿತ್ಕೊಂಡ್ರು. ಮೊಹರು ಹಾಕಿ ಜೀಪಲ್ಲಿಟ್ರು. ಹ್ಯಾಂಗರ್‌ಗೂ ಸೀಲು. ಗೆದ್ದುಬಿಟ್ರಿ ಅಕ್ಕಾ!”

“ಯಾರ ಹೆಸರು ಬರೀತಾ ಇದ್ದ?”

“ಕ್ಯಾಪ್ಟನ್ನನ್ನೂ ಜೀಪಲ್ಲೇ ಕರ್ಕೊಂಡು ಹೋದ್ರು ಅಕ್ಕಾ” ಎಂದ.

“ಅಣ್ಣಾ, ಯಾರ ಹೆಸರು?”

“...ನಿಮ್ದೇ. ನಿಮ್ಮ ಪತ್ರದ ವಾಸನೆ ಬಡಿದಿತ್ತೇನೋ, ದೂರು ಕೊಟ್ಟೋಳೂ ಕಳ್ಳಿ ಅಂತ ತೋರಿಸೋಕೆ ಇರ್ಬೇಕು. ಒಂಟಿ ಹಾರಾಟ, ಹೊರಟ ಸಮಯ, ಅಷ್ಟೇ. ಇಳಿದ ಸಮಯದ ಕಾಲಂ ಖಾಲಿ ಇತ್ತಂತೆ.”

ಅಕ್ಷರ ಸೊಟ್ಟಗಾಗುತ್ತಿದೆ. ಕೈಯಲ್ಲ — ಮೇಜು ನಡುಗುತ್ತಿದೆ.

11.40

ಲೈಸೆನ್ಸ್ ಆಫೀಸಿಗೆ ಫೋನ್ ಮಾಡಿದೆವು. ಭಾನುವಾರ. ಗಂಟೆ ಹೊಡೆದುಕೊಂಡೇ ಇದೆ. ಗೇಟಿನ ಅಣ್ಣ ಸೈಕಲ್ ತುಳಿದು ಜೀಪಿನ ಹಿಂದೆ ಹೋಗಿ ಹೆದ್ದಾರಿಯ ಹೋಟೆಲಿನಲ್ಲಿ ಅವರನ್ನು ಹಿಡಿದ. ಫೋನ್ ಅಧಿಕಾರಿಯ ಕೈಗೆ ಕೊಟ್ಟ.

“ಸಾರ್, ಒಂದೇ ಒಂದು ಸಮಯ ಬರೆಸಿ. ನನ್ನ ಹೆಸರಿನ ಮುಂದೆ. ಕ್ಯಾಪ್ಟನ್ ಕೈಯಲ್ಲಿ.”

“ಏನಮ್ಮಾ, ಒಂದಕ್ಷರ ತಿದ್ದೋಕೆ ಬಿಡಬೇಡಿ ಅಂತ ಬರೆದೋರು ನೀವೇ ಅಲ್ವಾ? ಅದೀಗ ಸಾಕ್ಷ್ಯ. ಪೆನ್ನು ತಾಗಿಸೋ ಹಾಗಿಲ್ಲ.”

ಹಿಂದಿನಿಂದ ಕ್ಯಾಪ್ಟನ್ ಕೂಗುತ್ತಿದ್ದ: “ಬರೀತೀನಿ ಅಂದೆ ಕಣಮ್ಮಾ, ಇವ್ರು ಬಿಡ್ತಿಲ್ಲ!” ಮೊದಲ ಸಲ ಅವನ ದನಿಯಲ್ಲಿ ನಗು ಇರಲಿಲ್ಲ. ನಂಬಿದನೋ, ಹೆದರಿದನೋ.

ಫೋನ್ ಕಟ್.

12.15

ಹೆಗಲ ಮೇಲೆ ಬೆಲ್ಟಿನ ಗೆರೆ ಮೂಡಿದೆ. ತಂಗಿ ನೋಡಿದಳು. ಆಮೇಲೆ ನನ್ನ ಕೆನ್ನೆ ಹಿಡಿದು ಅಲ್ಲಾಡಿಸಿದಳು.

“ನೀನು ಮನೇಲಿದೀಯ ಅಕ್ಕಾ. ನೋಡು, ಕುರ್ಚಿ. ನೋಡು, ನೆಲ. ನಾನು ಇಲ್ಲೇ ಇದೀನಿ.”

“ನೀನು ಇದೀಯ ಕಣೇ. ನಾನು ಸ್ವಲ್ಪ ಮೇಲಿದೀನಿ.”

ನಗಿಸಲು ಹೇಳಿದೆ. ಅತ್ತಳು.

ಕಣ್ಣು ತೆರೆದರೆ ಎದುರು ಮನೆಯ ಗೋಡೆ, ಹಗ್ಗದ ಮೇಲೆ ಒದ್ದೆ ಬಟ್ಟೆ. ಮುಚ್ಚಿದರೆ ಹೊಳೆಯ ತಿರುವು, ಹೊಲಗಳ ಚೌಕ, ದೂರದಲ್ಲಿ ನಮ್ಮ ಹುಲ್ಲಿನ ಮೈದಾನ. ಪಕ್ಕದ ಸೀಟು ಖಾಲಿ.

ಟ್ಯಾಂಕಿನಲ್ಲಿ ನಾಲ್ಕು ಗಂಟೆ ಕಾಲ ಹಾರುವಷ್ಟು ಪೆಟ್ರೋಲ್ ಇದೆ. ಪೆಟ್ರೋಲ್ ಚಿಂತೆಯಿಲ್ಲ. ಬೇರಿಂಗ್ ಅಷ್ಟು ಹೊತ್ತು ಬಾಳುವುದಿಲ್ಲ.

12.50

ತಂಗಿ ನೀರು ತಂದಿಟ್ಟಳು. ಲೋಟ ಮೇಜಿನ ಮೇಲೆ ನೆಟ್ಟಗೆ ಇದೆ. ಒಳಗೆ ನೀರು ಓರೆ. ಎಡಗಡೆ ಏರಿ, ಬಲಗಡೆ ಇಳಿದು, ಹಾಗೇ ನಿಂತಿದೆ. ತಂಗಿ ಲೋಟ ತಿರುಗಿಸಿದಳು. ನೀರು ತಿರುಗಲಿಲ್ಲ. ಎಡಕ್ಕೇ ಏರಿತು.

ನೋಡುತ್ತಾ ಕೂತೆ. ಮೊದಲು ಭಯ. ಆಮೇಲೆ ಥಟ್ಟನೆ — ಅಯ್ಯೋ, ಪೆದ್ದಿ! ವಿಮಾನ ಪಕ್ಕಕ್ಕೆ ಜಾರುತ್ತಿದೆ. ಬಾಲ ಹೊರಳಿಸುವ ಪೆಡಲ್ ಮೇಲೆ ಯಾರ ಕಾಲೂ ಇಲ್ಲ.

ಮೇಜಿನ ಕೆಳಗೆ ಎಡಗಾಲು ನೆಲಕ್ಕೆ ಒತ್ತಿದೆ. ಮೆಲ್ಲಗೆ.

ನೀರು ಸಮವಾಯಿತು.

ತಂಗಿ ನನ್ನ ಕಾಲು ನೋಡಿದಳು, ಲೋಟ ನೋಡಿದಳು. “ಮತ್ತೊಂದ್ಸಲ ಮಾಡು” ಎಂದಳು. ಮಾಡಿದೆ. ಒತ್ತಿದರೆ ಸಮ, ಬಿಟ್ಟರೆ ಓರೆ.

ಇಷ್ಟು ಹೊತ್ತು ಅವರ ಕೈಕಾಲು ಹಿಡಿದೆನಲ್ಲ, ಒಂದು ಸಮಯ ಬರೆಯಿರಿ ಎಂದು. ಥೂ. ನಾನೇ ಇಳಿಸುತ್ತೇನೆ.

1.30

ತಂಗಿಗೆ ಬೇರೆಯೇ ಹೊಳೆದಿದೆ. “ನಿನ್ನ ಈ ಡೈರೀನೂ ಪುಸ್ತಕ ತಾನೆ? ನೀನೇ ಬರಿ. ಇಳಿದೆ ಅಂತ ಬರಿ, ಸಮಯ ಹಾಕು. ಮುಗೀತು!”

ಬರೆಯಬಹುದೇನೋ. ಪೆನ್ನಿನ ತುದಿ ಹಾಳೆಗೆ ತಾಗಿತು ಕೂಡ, ಚುಕ್ಕೆ ಇದೆ ನೋಡಿ. ಇಳಿಯದೆ ಇಳಿದೆ ಎಂದು ಬರೆದರೆ ನನಗೂ ಅವನಿಗೂ ಏನು ವ್ಯತ್ಯಾಸ? ಹನ್ನೊಂದು ದಿನ ಗೇಟಿನ ಮುಂದೆ ಕೂತಿದ್ದು ಇದಕ್ಕಾ?

“ನಿನ್ನ ಜೀವ ಹೋಗ್ತಿದ್ಯಲ್ಲೇ! ಈಗ್ಲೂ ಭಾಷಣ ಮಾಡ್ತೀಯಲ್ಲೇ!” ಎಂದು ಬೆನ್ನಿಗೆ ಗುದ್ದಿದಳು. ಇಬ್ಬರ ಬೆರಳೂ ಒಂದೇ ಲೋಟದ ಸುತ್ತ.

ಎತ್ತರ ಇಳಿಸುತ್ತಿದ್ದೇನೆ. ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿದರೆ ಸಾಕು, ಹೊಟ್ಟೆ ಹೇಳುತ್ತದೆ.

1.52

ಎಂಜಿನ್ ಬಡಿಯಲಾರಂಭಿಸಿದೆ. ಸದ್ದು ಕಿವಿಗೆ ಬರುವುದಿಲ್ಲ, ಹಲ್ಲಿಗೆ ಬರುತ್ತದೆ. ಟಕ್. ಟಕ್. ಟಕ್. ಬೇರಿಂಗ್. ಅಲ್ಲಮ್ಮಾ ಮುದುಕಿ, ಇನ್ನೈದು ನಿಮಿಷ. ನಿನ್ನನ್ನು ಸವೆಸಿದವಳು ನಾನಲ್ಲ.

1.55

ನಿಂತಿತು.

ಮೇಜು ನಡುಗುವುದು ನಿಂತಿತು. ಲೋಟದ ನೀರು ಕನ್ನಡಿ. ತಂಗಿ “ಇಳಿದ್ಯಾ? ಮುಗೀತಾ?” ಎಂದಳು. ಇಲ್ಲ, ಎಂಜಿನ್ ಮಾತ್ರ ನಿಂತಿತು ಎಂದೆ.

ಎಂಟುನೂರು ಅಡಿ. ತೇಲುತ್ತಿದ್ದೇನೆ. ಗಾಳಿ ಬಲಗಡೆಯಿಂದ. ಮೈದಾನ ನೇರ ಎದುರಿಗೆ, ಗೇಟಿನ ಕಂಬ, ಹುಲ್ಲು ಕತ್ತರಿಸಿದ ಪಟ್ಟೆ. ವಿಮಾನದ ಮೂಗು ಎತ್ತುವ ಆಸೆಯಾಗುತ್ತದೆ, ಎತ್ತಬಾರದು. ಎತ್ತಿದವರು ಸತ್ತಿದ್ದಾರೆ. ವೇಗ ಬೇಕು. ತಂಗಿಗೆ ಹೇಳಿದೆ: ಕುರ್ಚಿ ಬಿಗಿಯಾಗಿ ಹಿಡಿ, ಮಾತಾಡಿಸಬೇಡ, ಅಳಬೇಡ, ಲೋಟ ನೋಡುತ್ತಿರು, ಓರೆಯಾದರೆ ಯಾವ ಕಡೆ ಎಂದು ಕೂಗು.

“ಬಲ!” ಎಂದಳು. “ಬಲ, ಸ್ವಲ್ಪ... ಸಾಕು, ಸಾಕು!”

ಇನ್ನೂರು ಅಡಿ. ಇಳಿದ ಸಮಯ ಇಳಿದ ಮೇಲೆಯೇ ಬರೆಯುತ್ತೇನೆ. ಪೆನ್ನು ಕೆಳಗಿಡುತ್ತೇನೆ. ಎರಡೂ ಕೈ ಬೇಕು.