ಗೋಡೆ ಬಿಟ್ಟ ಮೇಲೆ

ಗುರುವಾರ, ಊಟದ ಬಿಡುವಿನಲ್ಲಿ

ನನ್ನ ಗುಬ್ಬಿಗೆ,

ಹಾಕಿ ಕ್ಯಾಂಪಿನಲ್ಲಿ ಮಕ್ಕಳ ಕೈಗೆ ಫೋನು ಕೊಡುವುದಿಲ್ಲ, ಕಾಗದ ಬರೆದರೆ ತಲುಪಿಸುತ್ತಾರೆ ಎಂದು ನಿಮ್ಮ ಕೋಚ್ ಮೇಡಂ ಹೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಕೂತಿರುವುದು ನಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲೇ, ಇಸ್ತ್ರಿಯಾದ ಹೊದಿಕೆಗಳ ರಾಶಿಯ ಪಕ್ಕದಲ್ಲಿ. ಆಗಲೇ ಎರಡು ಹಾಳೆ ಹರಿದು ಹಾಕಿದೆ. ಒಂದರಲ್ಲಿ ಬರೀ ಬೈಗುಳವಿತ್ತು, ಇನ್ನೊಂದರಲ್ಲಿ ಬರೀ ಅಳು. ಇದರಲ್ಲಿ ಏನು ಬರುತ್ತದೋ ನನಗೇ ಗೊತ್ತಿಲ್ಲ.

ಹೊಟ್ಟೆ ತುಂಬ ತಿನ್ನುತ್ತಿದ್ದೀಯಾ? ಒದ್ದೆ ಕಾಲುಚೀಲದಲ್ಲಿ ಓಡಾಡಬೇಡ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮಪ್ಪನೂ.

ಸುಳ್ಳು. ಚೆನ್ನಾಗಿಲ್ಲ. ಹೇಗಿದ್ದೇವೆ ಎಂದು ಹೇಳುವುದಕ್ಕೂ ಬರುತ್ತಿಲ್ಲ.

ಎರಡು ವರ್ಷದ ಹಿಂದೆ ನಿಮ್ಮ ಟೀಚರ್ ನನ್ನನ್ನು ಕರೆಸಿದ್ದು ನಿನಗೆ ನೆನಪಿದೆಯೋ ಇಲ್ಲವೋ. ನಿಮ್ಮ ಮಗಳು ಬಾಯಿಯೇ ಬಿಡುವುದಿಲ್ಲ, ಹಾಜರಿ ಕೂಗಿದರೂ ಸುಮ್ಮನೆ ಕೈ ಎತ್ತುತ್ತಾಳೆ ಅಂದರು. ಅದೇ ವಾರ, ಮಂಜುಗಡ್ಡೆಯ ಮೇಲೆ ಜಾರುತ್ತ ಆಡುವ ಆ ಐಸ್ ರಿಂಕಿನ ಬಾಗಿಲಲ್ಲಿ ಚೀಟಿ ನೋಡಿದೆ. ಹೆಣ್ಣುಮಕ್ಕಳ ಐಸ್ ಹಾಕಿ, ಆಟ ಬರದಿದ್ದರೂ ಬನ್ನಿ, ಸ್ಕೇಟು ಹೆಲ್ಮೆಟ್ಟು ನಾವೇ ಕೊಡುತ್ತೇವೆ, ಮಕ್ಕಳಿಗೆ ಧೈರ್ಯ ಬರುತ್ತದೆ ಎಂದಿತ್ತು. ಆ ಕೊನೆಯ ಮಾತಿಗೆ ನಾನು ಮರುಳಾದೆ. ಹಲ್ಲು ಮುರ್ಕೊಳ್ಳೋ ಆಟ ಅವಳಿಗ್ಯಾಕೆ ಅಂತ ನಿಮ್ಮಪ್ಪ ಗೊಣಗಿದರು. ಕಾಡಿಬೇಡಿ ಒಪ್ಪಿಸಿದೆ.

ಮೂರು ವಾರ ನೀನು ಗೋಡೆ ಬಿಡಲಿಲ್ಲ. ರಿಂಕಿನ ಸುತ್ತ ಗೋಡೆ ಹಿಡಿದುಕೊಂಡೇ ಹಲ್ಲಿಯ ಹಾಗೆ ಸುತ್ತಿದೆ. ಗೋಡೆ ಬಿಟ್ಟ ದಿನ ಹನ್ನೊಂದು ಸಲ ಬಿದ್ದೆ, ನಾನು ಎಣಿಸಿದೆ. ಆಮೇಲೆ ಬೀಳುವುದು ಕಡಿಮೆಯಾಯಿತು. ಬಾಯಿ ಮಾತ್ರ ಬರಲಿಲ್ಲ. ಕೋಚ್ ಮೇಡಂ ಉಳಿದ ಹುಡುಗಿಯರಿಗೆ, "ಇವಳು ಕೂಗಿ ಕೇಳೋವರೆಗೂ ಯಾರೂ ಪಾಸ್ ಕೊಡ್ಬೇಡಿ" ಅಂದುಬಿಟ್ಟರು. ಐದು ಪಂದ್ಯ ಒಬ್ಬಳೂ ಕೊಡಲಿಲ್ಲ. ಮೆಟ್ಟಿಲ ಮೇಲೆ ಕೂತು ಆ ಹೆಂಗಸಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ.

ಆರನೆಯ ಪಂದ್ಯದಲ್ಲಿ ಯಾರೋ ಹುಡುಗಿ ಗಂಟಲು ಹರಿಯುವ ಹಾಗೆ, "ಇಲ್ಲಿ! ನಂಗೆ ಕೊಡೇ!" ಎಂದು ಕೂಗಿತು. ಅಬ್ಬಾ, ಯಾರ ಮಗು ಇದು ಎಂದು ಪಕ್ಕದವರನ್ನು ಕೇಳಿದೆ. "ನಿಮ್ದೇ ಅಲ್ವೇನ್ರೀ!" ಎಂದು ಅವರು ನಕ್ಕರು. ಚೆಂಡಿನ ಬದಲು ಆಡುವ ಆ ಕಪ್ಪು ಬಿಲ್ಲೆ ನಿನ್ನ ಸ್ಟಿಕ್ಕಿಗೆ ಸಿಗದೆ ಜಾರಿ ಹೋಯಿತು, ನೀನು ದೊಪ್ಪೆಂದು ಬಿದ್ದೆ, ಬಿದ್ದಲ್ಲೇ ನಗುತ್ತಿದ್ದೆ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸಂತೋಷಕ್ಕೆ ಅಂದುಕೊಂಡಿದ್ದೆ. ಈಗ ಅದೂ ಅನುಮಾನವಾಗಿದೆ.

ಭಾನುವಾರದ ವಿಷಯಕ್ಕೆ ಬರದೆ ಸುತ್ತಿ ಬಳಸಿ ಬರೆಯುತ್ತಿದ್ದೇನೆ, ನಿನಗೂ ಗೊತ್ತಾಗಿರುತ್ತದೆ.

ನಿಮ್ಮ ಸೋದರತ್ತೆ ಊಟಕ್ಕೆ ಬಂದಿದ್ದರು. ಊಟ ಮುಗಿಸಿ ಬಸ್ ಡಿಪೋ ಕೆಲಸಕ್ಕೆ ಹೊರಡಬೇಕಿದ್ದ ನಿಮ್ಮಪ್ಪನ ಅಂಗಿಯಲ್ಲಿ ಒಂದು ಗುಂಡಿ ಇರಲಿಲ್ಲ. ಅವರು ಯಾವತ್ತಿನಂತೆ ಕೂಗಾಡಿದರು, ನಾನು ಯಾವತ್ತಿನಂತೆ ತಲೆ ತಗ್ಗಿಸಿ ಬಡಿಸುತ್ತಿದ್ದೆ. ನೀನು ಚಮಚ ಕೆಳಗಿಟ್ಟೆ. "ಅಪ್ಪಾ, ಸಾಕು. ಒಂದು ಗುಂಡಿಗೋಸ್ಕರ ಅಮ್ಮನ ಮೇಲೆ ಹೀಗೆ ಕೂಗ್ಬೇಡ" ಅಂದೆ.

ನಿಮ್ಮಪ್ಪ ಕೂತಲ್ಲಿಂದ ಅಲುಗಲಿಲ್ಲ. ನಿನ್ನ ಕೆನ್ನೆಗೆ ಹೊಡೆದವಳು ನಾನು.

ಯಾಕೆ ಹೊಡೆದೆ? ನಾಲ್ಕು ದಿನದಿಂದ ಹೊದಿಕೆ ಮಡಿಸುತ್ತ ಅದನ್ನೇ ಯೋಚಿಸುತ್ತಿದ್ದೇನೆ. ನಾನು ಹೊಡೆದರೆ ಅವರು ಹೊಡೆಯುವುದಿಲ್ಲ ಅಂತಲೇ? ಅವರು ಈ ಮನೆಯಲ್ಲಿ ಒಂದು ದಿನವೂ ಕೈ ಎತ್ತಿದವರಲ್ಲ, ಆ ನೆಪ ನಡೆಯುವುದಿಲ್ಲ. ನಿಮ್ಮ ಸೋದರತ್ತೆಯ ಮುಂದೆ ಮರ್ಯಾದೆ ಹೋಯಿತು ಅಂತಲೇ? ಇರಬಹುದು, ಆದರೆ ಅಷ್ಟಕ್ಕೇ ಅಲ್ಲ. ಹದಿನೈದು ವರ್ಷದಿಂದ ನನ್ನ ಗಂಟಲಲ್ಲೇ ಕೂತಿದ್ದ ಮಾತನ್ನು ನೀನು ಬಾಯಲ್ಲಿ ತುತ್ತು ಇಟ್ಟುಕೊಂಡೇ ಹೇಳಿಬಿಟ್ಟೆಯಲ್ಲ, ಅದಕ್ಕೆ ಹೊಟ್ಟೆ ಉರಿಯಿತೇ? ಹೆತ್ತವಳಿಗೆ ಹಾಗೂ ಆಗುತ್ತದೆಯೇ?

ಸೋಮವಾರ ನಿನ್ನನ್ನು ಕಳಿಸಲು ಬಂದಾಗ ನೀನು ಬಸ್ಸಿನ ಆ ಕಡೆಯ ಕಿಟಕಿಗೆ ಹೋಗಿ ಕೂತೆ. ಕೂತದ್ದು ಸರಿಯೇ.

ಮಂಗಳವಾರ ನಾನು ಇನ್ನೊಂದು ಕೆಲಸ ಮಾಡಿದೆ. ನಿನ್ನ ಹೆಸರು ತಂಡದಿಂದ ತೆಗೆಯಿರಿ ಎಂದು ಅರ್ಜಿ ಬರೆದುಕೊಂಡು ರಿಂಕಿಗೆ ಹೋದೆ. ಕ್ಯಾಂಪಿಗೆ ಹೋಗದೆ ಇಲ್ಲೇ ಉಳಿದಿದ್ದ ಕೋಚ್ ಮೇಡಂ ಒಂದು ಪುಟ್ಟ ಹುಡುಗಿಯ ಸ್ಕೇಟಿಗೆ ಲೇಸು ಬಿಗಿಯುತ್ತಿದ್ದರು. ನನ್ನ ಮಗಳಿಗೆ ಎದುರು ಮಾತಾಡೋದು ಕಲಿಸಿದ್ರಿ ಎಂದು ಜಗಳಕ್ಕೇ ನಿಂತೆ. ಏನಂದ್ಲು ಎಂದು ಕೇಳಿದರು. ಒಂದಕ್ಷರ ಬಿಡದೆ ಹೇಳಿದೆ.

"ಕೂಗಿ ಹೇಳಿದ್ಲಾ?"

"ಇಲ್ಲ, ಮೆತ್ತಗೇ ಹೇಳಿದ್ಲು."

"ಹಾಗಾದ್ರೆ ನಾನು ಕಲಿಸಿದ್ದಲ್ಲ ಬಿಡಿ. ನಾನು ಕಲಿಸೋದು ಕೂಗೋದು. ನಿಮ್ಮನೇಲಿ ಮೆತ್ತಗೆ ಮಾತಾಡೋರು ಯಾರು?"

ಅರ್ಜಿ ಕೈಯಲ್ಲೇ ಉಳಿಯಿತು. ಕೊಡಲೂ ಇಲ್ಲ, ಹರಿಯಲೂ ಇಲ್ಲ, ಈಗಲೂ ಬ್ಯಾಗಿನಲ್ಲಿದೆ. ಏನು ಮಾಡಬೇಕೆಂದು ನೀನೇ ಹೇಳು. ಹದಿಮೂರು ವರ್ಷದವಳನ್ನು ಕೇಳುವ ಪರಿಸ್ಥಿತಿ ಬಂತು ನೋಡು.

ನಿಮ್ಮಪ್ಪ ಅವತ್ತಿನಿಂದ ಕೂಗಿಲ್ಲ, ಮಾತೂ ಆಡಿಲ್ಲ. ನಿನ್ನೆ ಬೆಳಿಗ್ಗೆ ತಾವೇ ಸೂಜಿ ಹಿಡಿದು ಗುಂಡಿ ಹೊಲಿದುಕೊಂಡರು, ನೀಲಿ ಅಂಗಿಗೆ ಕಪ್ಪು ದಾರ, ಸೊಟ್ಟಗೆ. ಅದು ಕೋಪವೋ ನಾಚಿಕೆಯೋ ನನಗೆ ತಿಳಿಯಲಿಲ್ಲ. ಮನೆ ನಿಶ್ಶಬ್ದವಾಗಿದೆ. ನೆಮ್ಮದಿಯೂ ಹೀಗೇ ಇರುತ್ತದಾ?

ನಿನ್ನನ್ನು ಹೊಡೆದದ್ದು ತಪ್ಪು. ನೀನು ಹೇಳಿದ್ದು ಸರಿ. ಇಷ್ಟು ಬರೆಯುವುದಕ್ಕೆ ಮೂರು ಹಾಳೆ ಬೇಕಾಯಿತು.

ಮುಂದಿನ ವಾರ ಬಸ್ ಸ್ಟಾಂಡಿಗೆ ಬರುತ್ತೇನೆ. ಮಾತಾಡಬೇಕು ಅನ್ನಿಸದಿದ್ದರೆ ಬೇಡ, ಚೀಲ ಮಾತ್ರ ನನ್ನ ಕೈಗೆ ಕೊಡು.

ಏನೂ ತೋಚದೆ ಕೂತಿರುವ
ನಿನ್ನ ಅಮ್ಮ

ಮತ್ತೊಂದು ಮಾತು: ಲಕೋಟೆ ಅಂಟಿಸುವುದರೊಳಗೆ ಇಷ್ಟು ನಡೆಯಿತು. ಸಂಜೆ ಮನೆಯಲ್ಲಿ ನಿಮ್ಮಪ್ಪ ಕಾಗದ ನೋಡಿ, ನಾಲ್ಕು ದಿನದ ಮೇಲೆ ಬಾಯಿ ಬಿಟ್ಟು, "ಅವಳು ನನ್ನ ಕ್ಷಮೆ ಕೇಳ್ಬೇಕು ಅಂತ ಬರಿ" ಅಂದರು. ನಾನು, "ಬರೆಯಲ್ಲ. ಬೇಕಾದ್ರೆ ನೀವೇ ಬರೀರಿ" ಅಂದೆ. ಮೇಜು ಹಿಡಿದುಕೊಂಡೇ ನಿಂತಿದ್ದೆ. ಅವರು ನಿಜವಾಗಿಯೂ ಪೆನ್ನು ತೆಗೆದುಕೊಂಡು ಕೂತರು. ನಾನು ಅಡುಗೆಮನೆಗೆ ಹೋಗಿಬಿಟ್ಟೆ. ಈ ಹಾಳೆಯ ಹಿಂದೆ 'ಹುಷಾರು, ಅಪ್ಪ' ಎಂದಿದೆಯಲ್ಲ, ಅದು ಅವರ ಅಕ್ಷರ. ಅದರ ಮೇಲೆ ಒಂದು ಸಾಲು ಬರೆದು, ಹೊಡೆದು ಹಾಕಿದ್ದಾರೆ. ಬೆಳಕಿಗೆ ಹಿಡಿದು ನೋಡಿದೆ, ಓದಲಾಗಲಿಲ್ಲ. ನಿನ್ನ ಕಣ್ಣು ಚುರುಕು, ನೀನು ನೋಡು.