ಕಲ್ಲಿನ ಮೇಲಿನ ಎರಡು ಚುಕ್ಕೆ

ಕಾಂದಿವಲಿ ಪೂರ್ವ, ಮುಂಬೈ
೨೭ ಜನವರಿ ೨೦೨೫

ಪ್ರಿಯ ಅಲ್ಲಾಬಕ್ಷ,

ನೀನು ದೀಪಾವಳಿಗೆ ಬರೆದ ಕಾಗದಕ್ಕೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಇಲ್ಲಿಯೇ ನಿಂತು ಬೈದು, ಆಮೇಲೆ ಮುಂದೆ ಓದು. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ನಾನು ಕೂಗಿ ಹೇಳಿದ್ದು ಬಿಲ್ಡಿಂಗಿನ ಎಲ್ಲ ಮಹಡಿಗಳಿಗೂ ಕೇಳಿಸುತ್ತದೆ. ನಾನು ಆರಾಮ ಇದ್ದೇನೆ. ಮೆಟ್ಟಿಲು ಇಳಿಯುವಾಗ ಮಾತ್ರ ಮೊಣಕಾಲು ತಾನಿರುವುದನ್ನು ತಿಳಿಸುತ್ತದೆ. ನಿನ್ನ ಕೈ ನಡುಕ ಹೇಗಿದೆ? ಅಕ್ಷರ ನೋಡಿದರೆ ಹೆಚ್ಚಿದಂತೆ ಕಾಣಲಿಲ್ಲ. ವಿಜಯಪುರದ ಒಣ ಹವೆ ನಿನಗೆ ಒಗ್ಗಿರಬೇಕು.

ನೀನು ಕೇಳಿದ್ದಕ್ಕೆ ಮೊದಲು ಉತ್ತರ ಕೊಡುತ್ತೇನೆ. ನಿನ್ನ ಮಗಳು ಬುಷರಾ ಪಾಸಾಗಿದ್ದಾಳೆ. ನಿನ್ನೆ ಮಾರ್ಗದರ್ಶಿಯ ಕಾರ್ಡು ಸಿಕ್ಕಿತು. ಜನವರಿಯೊಳಗೆ ಸಿಗದಿದ್ದರೆ ಊರಿಗೆ ಕರೆಸಿಕೊಳ್ಳುತ್ತೇನೆ ಎಂದು ನೀನು ಬರೆದಿದ್ದೆ. ನಿನ್ನ ತಂಗಿ ಗುಲಶನ ಕುರ್ಲಾದಲ್ಲಿ ಆಗಲೇ ಅವಳ ಬಟ್ಟೆ ಕಟ್ಟಲು ಚೀಲ ಕೆಳಗಿಳಿಸಿದ್ದಳಂತೆ. ಆ ಚೀಲ ಮತ್ತೆ ಅಟ್ಟ ಸೇರಿದೆ. ಆದರೆ ಕಾರ್ಡು ಸುಲಭವಾಗಿ ಬರಲಿಲ್ಲ, ಅದರ ಕಥೆಯನ್ನು ಹೇಳಬೇಕು. ಅದರಲ್ಲಿ ನಿನ್ನದೂ ಒಂದು ಪಾಲಿದೆ.

ನಮ್ಮ ಬಿಲ್ಡಿಂಗಿನ ಹಿಂದಿನ ಗುಡ್ಡ ನೆನಪಿದೆಯಲ್ಲ? ಭಾನುವಾರ ನೀನು ಕುರ್ಲಾದಿಂದ ಬಂದಾಗ ಗೋಡೆ ಒಡೆದಿದ್ದ ಕಡೆಯಿಂದ ನುಸುಳಿ ಹೋಗುತ್ತಿದ್ದೆವು. ಮೇಲೆ ಝರಿಯ ಪಕ್ಕ ಕೂತು ಶೇಂಗಾ ತಿಂದು ಸಿಪ್ಪೆಯನ್ನು ಜೇಬಿಗೆ ಹಾಕಿಕೊಂಡು ಇಳಿಯುತ್ತಿದ್ದೆವು. ಕಾವಲಿನವನು ಕಂಡರೆ ನೀನು ದಾರಿ ತಪ್ಪಿದವನ ಮುಖ ಮಾಡುತ್ತಿದ್ದೆ. ಕಳೆದ ವರ್ಷ ಅರಣ್ಯ ಇಲಾಖೆಯವರು ಆ ಹಾದಿಯನ್ನೇ ಎಲ್ಲರಿಗೂ ತೆರೆಯುವುದೆಂದು ತೀರ್ಮಾನಿಸಿದರು. ಒಡೆದ ಗೋಡೆಯ ಜಾಗದಲ್ಲಿ ಗೇಟು. ಮಣ್ಣು ಜಾರುವಲ್ಲಿ ಕಲ್ಲಿನ ಮೆಟ್ಟಿಲು. ಸುತ್ತಮುತ್ತಲಿನ ಹುಡುಗ ಹುಡುಗಿಯರಿಗೆ ಮಾರ್ಗದರ್ಶಿಯ ತರಬೇತಿ. ತರಬೇತಿ ಕೊಟ್ಟವನು ಅನಿಕೇತ್ ಎಂಬ ಮರಾಠಿ ಹುಡುಗ; ಸಹ್ಯಾದ್ರಿಯ ಕೋಟೆಗಳಿಗೆಲ್ಲ ಜನರನ್ನು ಹತ್ತಿಸಿ ಇಳಿಸಿದವನು. ವಿಕ್ರೋಳಿಯ ಫ್ಯಾಕ್ಟರಿಯಲ್ಲಿ ಸುರಕ್ಷಾ ವಿಭಾಗದಲ್ಲಿದ್ದವನೆಂದು ಅವನು ನನ್ನನ್ನೂ ಸೇರಿಸಿಕೊಂಡ. ಗಾಯಕ್ಕೆ ಪಟ್ಟಿ ಕಟ್ಟುವುದು, ಕಾಲು ಉಳುಕಿದವರನ್ನು ಇಳಿಸುವುದು ನನ್ನ ಪಾಠ. ಹಗ್ಗ, ಹಾವು, ಜನರ ಜೊತೆ ಮಾತು, ಎಲ್ಲರ ಹಿಂದೆ ನಡೆಯುವವನ ಕೆಲಸ, ಇವೆಲ್ಲ ಅವನವು. ಬುಷರಾಳಿಗೆ ಹೇಳಿದವನು ನಾನೇ. ಕುರ್ಲಾದಿಂದ ದಾದರಿಗೆ, ದಾದರಿನಲ್ಲಿ ಗಾಡಿ ಬದಲಿಸಿ ಕಾಂದಿವಲಿಗೆ, ಒಂದು ದಿನವೂ ತಡ ಮಾಡದೆ ಬಂದಳು. ಅವಳಿಗೆ ಗುಡ್ಡ ಹತ್ತುವಾಗ ಏದುಸಿರು ಬರುವುದಿಲ್ಲ. ಅದು ನಿನ್ನಿಂದ ಬಂದದ್ದಲ್ಲ.

ಕೈ ಮಾತ್ರ ನಿನ್ನದೇ. ಹಾದಿಯುದ್ದಕ್ಕೂ ಕಲ್ಲುಗಳ ಮೇಲೆ ಬಾಣದ ಗುರುತು ಬರೆಯುವ ಕೆಲಸ ಬಂದಾಗ ಅನಿಕೇತ್ ಬ್ರಶ್ಶನ್ನು ಅವಳಿಗೇ ಕೊಟ್ಟ. ಬಣ್ಣ ಆರಿಸಿದವನು ನಾನು. ಫ್ಯಾಕ್ಟರಿಯಲ್ಲಿ ಕೈ ಹಾಕಬಾರದ ಯಂತ್ರಭಾಗಗಳಿಗೆಲ್ಲ ಕಿತ್ತಳೆ ಬಳಿಯುತ್ತಿದ್ದೆವು. ಮಳೆಯಲ್ಲೂ ಮಂಜಿನಲ್ಲೂ ದೂರದಿಂದ ಕಾಣುವ ಬಣ್ಣ. ಕೆಲಸ ಮಾಡಿದಷ್ಟು ಕಾಲವೂ ನನ್ನ ಕಣ್ಣಿಗೆ ಅದು ಎಚ್ಚರಿಕೆಯ ಬಣ್ಣವೇ ಆಗಿತ್ತು. ಅವಳು ಕಲ್ಲಿಗೆ ಮೊದಲು ಕಿತ್ತಳೆ ಬಳಿದು, ಒಣಗಿದ ಮೇಲೆ ಕಪ್ಪಿನಲ್ಲಿ ಬಾಣ ಬರೆದಳು. ಬಾಣದ ಕೆಳಗೆ ಎರಡು ಚುಕ್ಕೆ, ಚುಕ್ಕೆಗಳ ಕೆಳಗೊಂದು ಓರೆಗೆರೆ.

ನೀನು ನಗುತ್ತಿರಬೇಕು. ಕುರ್ಲಾದಲ್ಲಿ ನೀನು ಬರೆದ ಪ್ರತಿ ಬೋರ್ಡಿನ ಮೂಲೆಯಲ್ಲಿ ಆ ಗುರುತು ಇರುತ್ತಿತ್ತು. ಹೆಸರನ್ನೇ ಯಾಕೆ ಬರೆಯುವುದಿಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಹೆಸರಿಗೆ ಜಾಗಾ ಭಾಳ ಬೇಕಾಗ್ತದೋ ದೋಸ್ತಾ,” ಎಂದಿದ್ದೆ.

ಉಳಿದ ಕಲ್ಲುಗಳು ಚಪ್ಪಟೆ, ಅಲ್ಲಿ ಏನೂ ಆಗಲಿಲ್ಲ. ಅತ್ತಿಮರದ ತಿರುವಿನಲ್ಲಿ ಒಂದು ಗುಂಡುಕಲ್ಲಿದೆ, ಮೊಣಕಾಲೆತ್ತರ, ನೆಟ್ಟಗೆ ಕೂತಂತಿದೆ. ಕಿತ್ತಳೆ ಕಲ್ಲು, ಎರಡು ಕಪ್ಪು ಚುಕ್ಕೆ, ಕೆಳಗೆ ಓರೆಗೆರೆ, ಮೇಲೆ ಹಣೆಯಲ್ಲಿ ನಾಮದಂಥ ಬಾಣ. ನೀನು ಇಷ್ಟರಲ್ಲಿ ಊಹಿಸಿರುತ್ತೀ. ನಾನು ಊಹಿಸಿರಲಿಲ್ಲ; ಇಲ್ಲಿ ದೇವರ ಕಲ್ಲಿಗೆ ಬಳಿಯುವ ಸಿಂಧೂರದ ಬಣ್ಣವೂ ಅದೇ ಎಂಬುದು ಹೊಳೆದಿರಲಿಲ್ಲ. ಮೊದಲು ಒಂದು ಚೆಂಡುಹೂವು ಕಂಡಿತು. ಯಾರದೋ ಜಡೆಯಿಂದ ಬಿದ್ದದ್ದೆಂದುಕೊಂಡೆ. ಆಮೇಲೆ ತೆಂಗಿನಕಾಯಿ ಬಂತು. ತೆಂಗಿನಕಾಯಿ ಯಾರ ಜಡೆಯಿಂದಲೂ ಬೀಳುವುದಿಲ್ಲ. ಡಿಸೆಂಬರು ಮುಗಿಯುವುದರೊಳಗೆ ಮರದ ಕೊಂಬೆಗೆ ಗಂಟೆ ಕಟ್ಟಿದ್ದರು.

ಅರಣ್ಯಾಧಿಕಾರಿ ಬಂದು ನೋಡಿ, ಸೊಂಟದ ಮೇಲೆ ಕೈಯಿಟ್ಟು ನಿಂತರು. “ಕಾಕಾ, ಹೇ ಕಾಯ್ ಝಾಲಂ?” ಎಂದರು. ಏನಾಯಿತೆಂದು ನನಗೂ ಗೊತ್ತಿರಲಿಲ್ಲ. ಕಾಡಿನ ಜಾಗದಲ್ಲಿ ಹೊಸ ಗುಡಿ ಎದ್ದರೆ ತನಗೆ ಮೇಲಿನಿಂದ ನೋಟಿಸು, ತಾನು ಅದನ್ನು ತೆಗೆಸಿದರೆ ಕೆಳಗಿನಿಂದ ಮೋರ್ಚಾ, ಎರಡಕ್ಕಿಂತ ಗೇಟಿಗೆ ಬೀಗ ಹಾಕುವುದು ಸುಲಭ ಎಂದರು. ಕೆಟ್ಟ ಮನುಷ್ಯನಲ್ಲ. ಜನ ತಾವಾಗಿ ಒಪ್ಪಿ ತೆಗೆದರೆ ಗಣರಾಜ್ಯ ದಿನಕ್ಕೆ ಹಾದಿ ತೆರೆಯುತ್ತೇನೆ, ಕಾರ್ಡುಗಳನ್ನೂ ಅಂದೇ ಹಂಚುತ್ತೇನೆ, ಇಲ್ಲವಾದರೆ ಎರಡೂ ಇಲ್ಲ ಎಂದು ಹೇಳಿಹೋದರು. ಕಿತ್ತಳೆ ಬಣ್ಣ ಹಾದಿಯಲ್ಲಿ ಎಲ್ಲಿಯೂ ಕಾಣಬಾರದು ಎಂದೂ ಸೇರಿಸಿದರು. ಆ ಮಾತು ನನಗೆ.

ಅನಿಕೇತ್‌ನದು ಸರಳವಾದ ಉಪಾಯ. “ಟೆನ್ಶನ್ ಮತ್ ಲೋ ಕಾಕಾ. ಬೆಳಗಾಗುವ ಮುಂಚೆ ಹೋಗಿ ಬೂದು ಬಣ್ಣ ಬಳಿದುಬಿಡೋಣ. ದೇವರು ಗಾಯಬ್!” ಎಂದ. ಬುಷರಾ ಒಪ್ಪಲಿಲ್ಲ. “ಕದ್ದು ಅಳಸೂದಾದ್ರ ಬರದಿದ್ದರ ಯಾಕ ಕಾಕಾ? ನಾನ ಹೋಗಿ ಹೇಳ್ತೀನಿ,” ಎಂದಳು. ಬೇಡ, ಬಣ್ಣ ಬಳಿದವನು ನಾನೇ ಎಂದು ಹೇಳುತ್ತೇನೆ ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಿಮಗ ಗೆರಿ ನೆಟ್ಟಗ ಹೊಡಿಯಾಕ ಬರೂದಿಲ್ಲ. ಯಾರ ನಂಬ್ತಾರ?” ಎಂದಳು. ಕುರ್ಲಾದಲ್ಲಿ ನಾವು ಒಂದೇ ಚಾಳಿನಲ್ಲಿದ್ದಾಗ ನಲ್ಲಿಯ ಮೇಲೆ ನಾನು ಸರದಿಯ ಬೋರ್ಡು ಬರೆದದ್ದನ್ನು ನೀನು ಅವಳಿಗೆ ಹೇಳಿರಬೇಕು.

ಕಲ್ಲಿಗೆ ಮೊದಲು ಹೂವಿಟ್ಟವಳು ಬಸಲಿಂಗವ್ವ. ಗೋಕಾಕದ ಕಡೆಯವಳು, ಗುಡ್ಡದ ಬುಡದ ಚಾಳಿನಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ನಾನೂ ಅವಳ ಗಿರಾಕಿಯೇ. ಅವಳು ಹೇಳಿದರೆ ಆ ಚಾಳಿನವರು ಕೇಳುತ್ತಾರೆ. ಒಂದು ಬೆಳಿಗ್ಗೆ ನಾನೂ ಬುಷರಾಳೂ ಕಲ್ಲಿನ ಹತ್ತಿರ ಹೋದಾಗ ಅವಳು ನಾಲ್ಕಾರು ಹೆಂಗಸರ ಜೊತೆ ಅಲ್ಲಿಯೇ ಇದ್ದಳು.

“ಏನ್ ಸ್ವಾಮಾರೀ, ದೇವರನ್ನ ಎಬ್ಬಸಾಕ ಬಂದೀರೇನು?” ಎಂದಳು. ನಾನು ಜಂಗಮ ಎಂಬುದು ನನಗಿಂತ ಅವಳಿಗೆ ಹೆಚ್ಚು ನೆನಪಿರುತ್ತದೆ. “ಐದು ವರ್ಷ ಆತು, ನನ್ನ ರೊಟ್ಟಿ ತಿಂತೀರಿ. ಒಂದಿನಾನೂ ಗುಡಿ ಮುಂದ ನಿಂತದ್ದು ನೋಡಿಲ್ಲ ನಿಮ್ಮನ್ನ. ಇವತ್ತ ಬಂದೀರಿ ಅಂದ್ರ ಏನೋ ಅದ.”

ನಾನು ಇಲಾಖೆಯ ಮಾತಿನಿಂದ ಶುರು ಮಾಡಿದೆ. ನಾನು ಮಾತಾಡಿದರೆ ಹೇಗಿರುತ್ತದೆಂದು ನಿನಗೆ ಗೊತ್ತು, ಹೆಂಗಸರು ಆಕಳಿಸಿದರು. ಬುಷರಾ ಬಸಲಿಂಗವ್ವನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

“ಅವ್ವಾ, ಇದು ದೇವರಲ್ಲಬೇ. ಮ್ಯಾಲೆ ಹೋಗೋರಿಗೆ ಹಾದಿ ತೋರಸೂ ಗುರ್ತು. ನಾನ ಬಳದೀನಿ.”

“ಗುರ್ತಿಗೆ ಕಣ್ಣ ಯಾಕ ಬರದಿ ಮತ್ತ?”

“ಅವು ಕಣ್ಣಲ್ಲ. ನಮ್ಮಪ್ಪ ಬೋರ್ಡ್ ಬರದ ಮ್ಯಾಲೆ ಹಾಕ್ತಿದ್ದಾ, ಅದು.”

ಹಿಂದಿನಿಂದ ಒಬ್ಬಳು, “ಅಂದ್ರ ನಾವು ಒಂದ್ ತಿಂಗಳಿಂದ ನಿಮ್ಮಪ್ಪಗ ಕಾಯಿ ಒಡದೀವೇನ?” ಎಂದಳು. ಎಲ್ಲರೂ ನಕ್ಕರು. ಬಸಲಿಂಗವ್ವ ನಗಲಿಲ್ಲ. ಹುಡುಗಿಯ ಮುಖವನ್ನೇ ನೋಡಿ, “ಯಾರ ಪೈಕಿ ಅದೀ ತಂಗೀ ನೀ? ಹೆಸರೇನು?” ಎಂದಳು. ಹುಡುಗಿ ಹೇಳಿದಳು. ಬಸಲಿಂಗವ್ವ ತಲೆಯಾಡಿಸಿದಳು. ಈ ಹಾದಿ ತೆರೆದರೆ ತನಗೆ ಕೆಲಸ, ಇಲ್ಲದಿದ್ದರೆ ಅಪ್ಪ ಊರಿಗೆ ಕರೆಸುತ್ತಾನೆ ಎಂದೂ ಬುಷರಾ ಹೇಳಿದಳು. ಬೇಡಿಕೊಂಡಂತೆ ಇರಲಿಲ್ಲ. ಎರಡು ರೈಲುಗಳ ವೇಳೆ ಹೇಳಿದಂತಿತ್ತು.

ಬಸಲಿಂಗವ್ವ ಕಲ್ಲಿನ ಮೇಲಿನ ಹೂವನ್ನು ಸರಿಪಡಿಸಿದಳು. “ನೀ ಗುರ್ತು ಅಂತ ಬರದಿರಬೇಕು. ನಾವು ಕೈ ಮುಗದೀವಲ್ಲ, ಅದೇನ ಸುಳ್ಳಾಗೂದಿಲ್ಲ. ಸುಮ್ಮ ಬಣ್ಣ ಬಳದು ಮುಚ್ಚಾಕ ನಾ ಬಿಡೂದಿಲ್ಲ. ಗಣಪತಿನ್ನ ಹೆಂಗ ಕಳಸ್ತೀವಿ, ಹಂಗ ಕಳಸೂನು. ಬರದಾಕಿ ನೀ. ನೀನ ಆರತಿ ಮಾಡು, ನೀನ ಅಳಸು,” ಎಂದಳು.

ಹಾಗೆಯೇ ಆಯಿತು. ಸಂಕ್ರಾಂತಿಯ ಮರುದಿನ ಚಾಳಿನವರು ಬಂದರು, ಯಾರೋ ತಾಳ ತಂದಿದ್ದರು. ಬಸಲಿಂಗವ್ವ ತಟ್ಟೆಯನ್ನು ನಿನ್ನ ಮಗಳ ಕೈಗೆ ಕೊಟ್ಟಳು. ಕುರ್ಲಾದ ನಮ್ಮ ಚಾಳಿನ ಗಣಪತಿಯ ಮುಂದೆ ಮಕ್ಕಳೆಲ್ಲ ಸಾಲಾಗಿ ನಿಲ್ಲುತ್ತಿದ್ದಾಗ ಅವಳೂ ನಿಲ್ಲುತ್ತಿದ್ದಳಲ್ಲ. ಯಾವ ಕಡೆಗೆ ತಿರುಗಿಸಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಈ ಊರಿನಲ್ಲಿ ದೇವರು ನೀರಿಗೆ ಹೋಗುತ್ತಾನೆ. ಈ ದೇವರು ಅಲುಗುವಂತಿರಲಿಲ್ಲ, ಹಾಗಾಗಿ ನೀರೇ ಬಂತು. ಹೆಂಗಸರು ಝರಿಯಿಂದ ಕೊಡ ತುಂಬಿ ತಂದು ಕಲ್ಲಿನ ಮೇಲೆ ಸುರಿದರು. ಮುಂದಿನ ವರ್ಷ ಬೇಗ ಬಾ ಎಂದು ಅಭ್ಯಾಸದಂತೆ ಯಾರೋ ಕೂಗಿದರು. “ಬ್ಯಾಡ, ಬ್ಯಾಡ, ಹಂಗನ್ನಬ್ಯಾಡ್ರಿ!” ಎಂದು ಬಸಲಿಂಗವ್ವ ಗದರಿದಳು. ಕಾಯಿ ಒಡೆದು ಹಂಚಿದರು. ಗಂಟೆಯನ್ನು ಅವಳು ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡು ಇಳಿದುಹೋದಳು. ಕಲ್ಲು ಒಣಗಿದ ಮೇಲೆ ಬುಷರಾ ಬೂದು ಬಳಿದಳು, ಅದರ ಮೇಲೆ ಬಿಳಿ ಬಾಣ. ವಾರದೊಳಗೆ ಹಾದಿಯ ಎಲ್ಲ ಕಲ್ಲುಗಳೂ ಹಾಗಾದವು.

ನಿನ್ನೆ ಗೇಟು ತೆರೆಯಿತು. ಭಾಷಣ ಚಿಕ್ಕದಾಗಿತ್ತು, ಚಹಾ ಚೆನ್ನಾಗಿತ್ತು. ಮೊದಲ ತಂಡವನ್ನು ಕರೆದೊಯ್ದವಳು ನಿನ್ನ ಮಗಳು. ತಿರುವು ತಿರುವಿನಲ್ಲಿ ನಿಂತು ತಲೆ ಎಣಿಸಿದಳು. ಒಬ್ಬ ದಪ್ಪ ಮನುಷ್ಯನ ಉಸಿರು ಸಾಲದಾದಾಗ, ಅವನಿಗೆ ನಾಚಿಕೆಯಾಗದಂತೆ ಎಲ್ಲರನ್ನೂ ನಿಲ್ಲಿಸಿ ಯಾವುದೋ ಹಕ್ಕಿ ತೋರಿಸಿದಳು. ಅಲ್ಲಿ ಹಕ್ಕಿ ಇರಲಿಲ್ಲ. ಅನಿಕೇತ್ ಕಲಿಸಿದ್ದಲ್ಲ ಅದು.

ಹಾದಿ ಚೆನ್ನಾಗಿದೆ. ಎಲ್ಲರೂ ಬರಬಹುದು, ಮುದುಕರು ಬಂದಿದ್ದರು, ಕೈಗೂಸುಗಳು ಬಂದಿದ್ದವು. ಆದರೂ ನನಗೆ ಒಂದು ವ್ಯತ್ಯಾಸ ಕಂಡಿತು. ನಾವು ಗೋಡೆ ನುಸುಳಿ ಹೋಗುತ್ತಿದ್ದಾಗ ಯಾರಿಗೂ ನಾವು ಯಾರೆಂದು ಹೇಳಬೇಕಾಗಿರಲಿಲ್ಲ. ಈಗ ಗೇಟಿನಲ್ಲಿ ಹೆಸರು ಬರೆಸಿ ಒಳಗೆ ಹೋಗಬೇಕು. ಸುರಕ್ಷತೆಗೆ ಅದು ಬೇಕು, ನಾನೇ ಅದನ್ನು ಸೂಚಿಸಿದವನು.

ಚಳಿ ಮುಗಿಯುವ ಮುಂಚೆ ಒಮ್ಮೆ ಬಾ. ಮಗಳ ಹಿಂದೆ ನಡೆದು ಝರಿಯವರೆಗೆ ಹೋಗೋಣ, ಶೇಂಗಾ ನಾನು ತರುತ್ತೇನೆ. ಭಾಭಿಗೆ ನನ್ನ ಸಲಾಂ. ಹಿರಿಯ ಮಗಳಿಗೂ ಮೊಮ್ಮಕ್ಕಳಿಗೂ ಆಶೀರ್ವಾದ. ಅವರ ಕಾಲಿಗೆ ಹಾದಿಗಳು ಸಿಗಲಿ. ನಿನ್ನ ಕೈ ಇನ್ನಷ್ಟು ಕಾಲ ಅಕ್ಷರಕ್ಕೆ ಒದಗಲಿ.

ನಿನ್ನ
ಚನ್ನಬಸಯ್ಯ

ತಾ.ಕ.: ಕಾಗದಗಳನ್ನು ನೀನು ಮನೆಯವರಿಗೆಲ್ಲ ಓದಿ ಹೇಳುತ್ತೀ ಎಂದು ಗೊತ್ತು. ಇಷ್ಟನ್ನು ನೀನೊಬ್ಬನೇ ಓದು.

ಬಸಲಿಂಗವ್ವ ಕೇಳಿದಾಗ ಬುಷರಾ ಹೇಳಿದ ಹೆಸರು ಹರಿಣಿ. ತಡವರಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಇಳಿಯುವಾಗ, “ಆ ಹೆಸರು ಈಗ ಹೊಳೀತೇನವ್ವ?” ಎಂದು ಕೇಳಿದೆ. “ಇಲ್ಲ ಕಾಕಾ. ಲೋಕಲ್‌ನ್ಯಾಗ ಯಾರರ ಕೇಳಿದ್ರ ಅದನ್ನ ಹೇಳ್ತೀನಿ. ಒಂದ ಹೆಸರು ಇಟಗೊಂಡ್ರ ಮರಿಯೂದಿಲ್ಲ,” ಎಂದಳು. ಛತ್ರಿ ಇಟ್ಟುಕೊಳ್ಳುವ ಮಾತಿನಂತಿತ್ತು. ಎಂದಿನಿಂದ ಎಂದು ನಾನು ಕೇಳಲಿಲ್ಲ. ಬಸಲಿಂಗವ್ವ ನಿಜವಾದ ಹೆಸರಿಗೂ ತಲೆಯಾಡಿಸುತ್ತಿದ್ದಳೋ ಏನೋ, ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನಿನ್ನೆ ಕೊಟ್ಟ ಕಾರ್ಡಿನಲ್ಲಿ ಬುಷರಾ ಅಲ್ಲಾಬಕ್ಷ ಎಂದು ದಪ್ಪ ಅಕ್ಷರದಲ್ಲಿದೆ. ಅದನ್ನು ತಿರುವಿ, ಹೆಸರು ಎದೆಯ ಕಡೆಗೆ ಬರುವಂತೆ ಕೊರಳಿಗೆ ಹಾಕಿಕೊಂಡಿದ್ದಳು.

ಜನರೆಲ್ಲ ಇಳಿದ ಮೇಲೆ ನಾನು ಮತ್ತೆ ಹತ್ತಿದೆ. ಪ್ರತಿ ಕಲ್ಲಿನ ಹತ್ತಿರ ಬಗ್ಗಿ, ಹುಲ್ಲು ಸರಿಸಿ, ಹೊಸ ಬಾಣಗಳ ಕೆಳಗೆ ನೋಡಿದೆ. ಗೆರೆಗಳು ನಿನ್ನ ಗೆರೆಗಳಂತೆಯೇ ನೆಟ್ಟಗಿವೆ. ಚುಕ್ಕೆಗಳು ಯಾವ ಕಲ್ಲಿನಲ್ಲೂ ಇಲ್ಲ.